ಹಲ್ಲಿಗೆ ಬೇಕಾದ ಊರು ಊಟಕ್ಕೆ ಬೇಡವೇ?

ಶನಿವಾರದಿಂದ ಹೊಟ್ಟೆಯೊಳಗೆ ಕುದಿಯುತ್ತಿದೆ. ಬರೆಯದೆ ಇರಲಾಗುತ್ತಿಲ್ಲ.

ಸ್ಯಾನ್ ಡಿಯೆಗೋದ ಪರಿಚಯದ ಕನ್ನಡ ಕುಟುಂಬವೊಂದು ಗಡಿಯಾಚೆಯ ಮೆಕ್ಸಿಕೊದ ತಿಹುವಾನಾ ಊರಿಗೆ ಬಂದಿತ್ತು. ಮನೆಯ ಹಿರಿಯರಿಗೆ ಹಲ್ಲು ಕಟ್ಟಿಸಬೇಕಿತ್ತು. ಅಮೆರಿಕದಲ್ಲಿ ಕೇಳಿದ ದುಡ್ಡಿಗೆ ಹೆದರಿ, ಎಷ್ಟೋ ಜನರಂತೆ ಇವರೂ ಗಡಿ ದಾಟಿದ್ದರು. ವಾರಕ್ಕೆ ನಾಲ್ಕು ದಿನ ಅದೇ ಊರಿನ ಓತಾಯ್ ಭಾಗದ ಕಾರ್ಖಾನೆಗೆ ಓಡಾಡುವವನು, ಹರಕು ಮುರುಕು ಸ್ಪ್ಯಾನಿಷ್ ಬಲ್ಲವನು ಎಂದು ನನ್ನನ್ನು ಜೊತೆಗೆ ಕರೆದರು. ಅಂದು ಹಲ್ಲಿನ ಅಚ್ಚು ತೆಗೆದರಷ್ಟೇ, ನೋವೇನೂ ಇರಲಿಲ್ಲ. ಮಧ್ಯಾಹ್ನ ಒಂದೂವರೆಗೆ ಎಲ್ಲರಿಗೂ ಹಸಿವು. ನಾನು ದಿನವೂ ಉಣ್ಣುವ ಫೋಂದಾಕ್ಕೆ ಕರೆದುಕೊಂಡು ಹೋದೆ.

ಫೋಂದಾ ಎಂದರೆ ನಮ್ಮ ಗದಗ, ಹುಬ್ಬಳ್ಳಿ ಕಡೆಯ ಖಾನಾವಳಿ ಎಂದುಕೊಳ್ಳಿ. ಒಬ್ಬ ಹೆಂಗಸು, ಅವಳ ತಂಗಿ, ಎರಡು ಒಲೆ, ಆರು ಮೇಜು. ಮಧ್ಯಾಹ್ನ ಸಿಗುವುದು ‘ಕೊಮೀದಾ ಕೊರ್ರೀದಾ’: ಮೊದಲು ಸಾರು, ಆಮೇಲೆ ಅನ್ನ, ಒಂದು ಪಲ್ಯ ಅಥವಾ ಮಾಂಸ, ಬೇಯಿಸಿದ ಕಾಳು, ಬಿಸಿ ತೋರ್ತಿಯಾ (ಮೆಕ್ಕೆಜೋಳದ ತೆಳು ರೊಟ್ಟಿ), ಒಂದು ಲೋಟ ಹಣ್ಣಿನ ಪಾನಕ. ನಾನು ಕೊಡುವುದು 120 ಪೆಸೊ, ಅಂದರೆ ಆರೇಳು ಡಾಲರ್. ಆ ದುಡ್ಡಿಗೆ ಗಡಿಯ ಆಚೆ ಒಂದು ಸ್ಯಾಂಡ್‌ವಿಚ್ ಸಿಕ್ಕರೆ ಹೆಚ್ಚು.

ಅವರು ಗೋಡೆ ನೋಡಿದರು. ಸುಣ್ಣ ಬಣ್ಣವಿಲ್ಲದ ಸಿಮೆಂಟು. ಪ್ಲಾಸ್ಟಿಕ್ ಕುರ್ಚಿ ನೋಡಿದರು. ತಟ್ಟೆಗೆ ತೆಳುವಾದ ಪ್ಲಾಸ್ಟಿಕ್ ಚೀಲ ತೊಡಿಸಿದ್ದನ್ನು ಕಂಡು ‘ತಟ್ಟೆ ಕೂಡ ತೊಳೆಯುವುದಿಲ್ಲ’ ಎಂದು ಪಿಸುಗುಟ್ಟಿದರು. ಆಕೆ ಬಡಿಸಿ ಇಟ್ಟ ತಟ್ಟೆಗಳನ್ನು ಎರಡು ಬೆರಳಿನಿಂದ ಹಾಗೇ ಮುಂದಕ್ಕೆ ಸರಿಸಿ, ಚೀಲದಿಂದ ಚಕ್ಕುಲಿ ಪೊಟ್ಟಣ ತೆಗೆದರು. ಆಕೆ ಬಂದು ತಟ್ಟೆಗಳನ್ನು ನೋಡಿ, ನನ್ನ ಕಡೆ ತಿರುಗಿ, ‘ನೋ ಲೆಸ್ ಗುಸ್ತೋ?’ ಎಂದಳು. ಅವರಿಗೆ ಹಿಡಿಸಲಿಲ್ಲವೇ? ನನ್ನ ಬಾಯಿಂದ ಮಾತೇ ಹೊರಡಲಿಲ್ಲ.

ಸಂಜೆ ಸ್ಯಾನ್ ಯಿಸಿದ್ರೋದ ಗಡಿ ಸಾಲಿನಲ್ಲಿ ನಿಂತಿದ್ದಾಗಲೇ ನಮ್ಮ ವಾಟ್ಸ್‌ಆ್ಯಪ್ ಗುಂಪಿಗೆ ಅವರ ಸಂದೇಶ ಬಂತು: ‘ದಂತವೈದ್ಯರು ಬಹಳ ಚೆನ್ನಾಗಿದ್ದಾರೆ. ಊಟ ಮಾತ್ರ ಮನೆಯಿಂದ ಒಯ್ಯಿರಿ, ಅಲ್ಲಿ ಏನನ್ನೂ ಮುಟ್ಟಬೇಡಿ.’ ಈ ಊರಿನವರ ಕೈ ನಿಮ್ಮ ಬಾಯೊಳಗೆ ಹೋಗಬಹುದು, ಒಸಡು ಮುಟ್ಟಬಹುದು. ಆದರೆ ಅದೇ ಊರಿನ ಕೈ ಬಡಿಸಿದ ಅನ್ನ ಆ ಬಾಯಿಗೆ ಹೋಗಬಾರದು. ಇದು ಯಾವ ಲೆಕ್ಕ? ಎರಡು ರಾತ್ರಿ ಯೋಚಿಸಿದರೂ ನನಗೆ ಅರ್ಥವಾಗಲಿಲ್ಲ.

ಆ ಪ್ಲಾಸ್ಟಿಕ್ ಚೀಲದ ವಿಷಯ ಹೇಳಲೇಬೇಕು. ನೀರು ಕಡಿಮೆ ಇರುವಲ್ಲಿ ಒಂದೇ ಬಕೆಟ್ಟಿನಲ್ಲಿ ನೂರು ತಟ್ಟೆ ಅದ್ದಿ ತೆಗೆಯುವುದಕ್ಕಿಂತ, ಪ್ರತಿ ಗಿರಾಕಿಗೂ ಹೊಸ ಚೀಲ ತೊಡಿಸುವುದು ಎಷ್ಟೋ ಮೇಲು. ತೋರ್ತಿಯಾದೊಳಗೆ ಪಲ್ಯವನ್ನೋ ಮಾಂಸವನ್ನೋ ಇಟ್ಟು ಮಡಚಿ ಕೊಡುವ ತಾಕೊ ಅಂಗಡಿಗಳಲ್ಲೂ ಹೀಗೇ ಮಾಡುತ್ತಾರೆ. ಒಳ್ಳೆಯ ಅಂಗಡಿಯಲ್ಲಿ ದುಡ್ಡು ಮುಟ್ಟುವ ಕೈ ಬೇರೆ, ತೋರ್ತಿಯಾ ಮುಟ್ಟುವ ಕೈ ಬೇರೆ. ಒಬ್ಬನೇ ಇದ್ದರೆ ನೋಟು ತೆಗೆದುಕೊಳ್ಳುವಾಗ ಕೈಗೊಂದು ಚೀಲ ಸಿಕ್ಕಿಸಿಕೊಳ್ಳುತ್ತಾನೆ. ಇದನ್ನು ಗಮನಿಸಲು ಅರ್ಧ ನಿಮಿಷ ಸಾಕು. ಗೋಡೆಯ ಬಣ್ಣದ ಮೇಲೆ ನೆಟ್ಟ ಕಣ್ಣನ್ನು ಕೆಳಗೆ ಇಳಿಸಬೇಕು, ಅಷ್ಟೇ.

ನಾನೂ ಮೊದಲು ಹೀಗೇ ಇದ್ದೆ. ಒಪ್ಪಿಕೊಳ್ಳುತ್ತೇನೆ. ಮೊದಲ ನಾಲ್ಕು ತಿಂಗಳು ಕಾರ್ಖಾನೆಯ ಅಂಗಳದಲ್ಲಿ ಕಾರಿನ ಗಾಜು ಏರಿಸಿಕೊಂಡು ತಣ್ಣನೆಯ ಅವಲಕ್ಕಿ ತಿಂದಿದ್ದೇನೆ. ಜೋಡಣೆ ವಿಭಾಗದ ಹೆಣ್ಣುಮಕ್ಕಳು ಕಾರಿನ ಪಕ್ಕದಲ್ಲೇ ನಗುತ್ತಾ ಊಟಕ್ಕೆ ಹೋಗುತ್ತಿದ್ದರು, ನಾನು ತಲೆ ತಗ್ಗಿಸುತ್ತಿದ್ದೆ. ಆ ನಾಲ್ಕು ತಿಂಗಳಲ್ಲಿ ಹೊಟ್ಟೆ ಕೆಟ್ಟದ್ದು ಒಮ್ಮೆ ಮಾತ್ರ, ಅದೂ ಕಚೇರಿಯವರು ಬಿಳಿ ಮೇಜುಬಟ್ಟೆಯ ದುಬಾರಿ ಜಾಗಕ್ಕೆ ಕರೆದೊಯ್ದ ರಾತ್ರಿ. ಹೆಚ್ಚಿ ಎಷ್ಟು ಹೊತ್ತಾಗಿತ್ತೋ ಆ ಹಣ್ಣು! ಮೂರು ದಿನ ಹಾಸಿಗೆ ಹಿಡಿದೆ.

ಆಮೇಲೆ ಆ ಹೆಣ್ಣುಮಕ್ಕಳ ಹಿಂದೆಯೇ ಹೋಗತೊಡಗಿದೆ. ಅವರ ಲೆಕ್ಕ ಏನೆಂದು ತಿಳಿದಾಗ ನಾಚಿಕೆಯಾಯಿತು. ಗಡಿ ಪ್ರದೇಶದಲ್ಲಿ 2025ರ ಕನಿಷ್ಠ ದಿನಗೂಲಿ 419.88 ಪೆಸೊ ಇತ್ತು. ನನಗೆ ಅಗ್ಗವಾದ 120 ಪೆಸೊ ಅವರಿಗೆ ದಿನದ ಕೂಲಿಯ ಕಾಲುಭಾಗಕ್ಕಿಂತ ಹೆಚ್ಚು. ಕಾಯಿಲೆ ಬಿದ್ದರೆ ಸರ್ಕಾರಿ ವಿಮೆಯ ಭತ್ಯೆ ಸಿಗುವುದು ನಾಲ್ಕನೆಯ ದಿನದಿಂದ, ಅದೂ ಸಂಬಳದ ಶೇ 60ರಷ್ಟು. ಹೊಟ್ಟೆ ಕೆಟ್ಟು ಎರಡು ದಿನ ಮಲಗಿದರೆ ಎರಡು ದಿನದ ಕೂಲಿ ಹೋಯಿತು, ತಪ್ಪದೆ ಬಂದದ್ದಕ್ಕೆ ಸಿಗುವ ಬೋನಸ್ಸೂ ಹೋಯಿತು. ಹಾಗಿರುವಾಗ ಕೊಳಕು ಜಾಗದಲ್ಲಿ ಅವರು ಉಣ್ಣುತ್ತಾರೆಯೇ? ಎಲ್ಲಿ ಉಣ್ಣಬೇಕೆಂದು ನಮ್ಮೆಲ್ಲರಿಗಿಂತ ಹೆಚ್ಚು ಎಚ್ಚರದಿಂದ ಆರಿಸುವವರು ಅವರು. ಸಮವಸ್ತ್ರ ತೊಟ್ಟವರು ಮಧ್ಯಾಹ್ನ ಎಲ್ಲಿ ಸಾಲು ನಿಲ್ಲುತ್ತಾರೋ ಅಲ್ಲಿ ನಾನು ಕಣ್ಣು ಮುಚ್ಚಿ ಕೂರುತ್ತೇನೆ. ಅಲ್ಲಿ ಬೆಳಗ್ಗೆ ಮಾಡಿದ್ದು ಮೂರು ಗಂಟೆಗೆ ಖಾಲಿಯಾಗುತ್ತದೆ. ನಿನ್ನೆಯದು ಉಳಿಯುವುದೇ ಇಲ್ಲ.

ಎಚ್ಚರ ಬೇಡವೆಂದು ನಾನು ಹೇಳುತ್ತಿಲ್ಲ. ನಲ್ಲಿ ನೀರನ್ನು ಆ ಊರಿನವರೇ ಕುಡಿಯುವುದಿಲ್ಲ. ನಮ್ಮ ಬೆಂಗಳೂರಿನ ಮನೆಗಳಂತೆ ಅಲ್ಲಿಯೂ 20 ಲೀಟರಿನ ಕ್ಯಾನ್ ಬರುತ್ತದೆ. ಪಾನಕಕ್ಕೆ ಆ ನೀರೇ ಹಾಕುತ್ತಾರೆಯೇ ಎಂದು ಕೇಳಿ, ಯಾರೂ ಬೇಸರಪಡುವುದಿಲ್ಲ. ನಡುವೆ ತೂತಿರುವ ಕೊಳವೆಯಂಥ ಐಸ್ ಕಾರ್ಖಾನೆಯಿಂದ ಬಂದದ್ದು. ಬಿಸಿಲಿನಲ್ಲಿ ಕುಳಿತ ಸಾಲ್ಸಾ ಎಂಬ ಚಟ್ನಿ, ಹೆಸರಿಲ್ಲದ ಹಸಿ ಹಾಲಿನ ಚೀಸ್, ಹೆಚ್ಚಿಟ್ಟ ಹಣ್ಣು, ಇವುಗಳಿಂದ ದೂರವಿರುತ್ತೇನೆ. ಕಾದ ಹಂಚಿನಿಂದ ನೇರವಾಗಿ ತಟ್ಟೆಗೆ ಬಿದ್ದದ್ದನ್ನು ಧೈರ್ಯವಾಗಿ ತಿನ್ನುತ್ತೇನೆ. ಸಸ್ಯಾಹಾರಿಗಳಿಗೆ ಇನ್ನೊಂದು ಮಾತು: ‘ಸಿನ್ ಕಾರ್ನೆ’, ಮಾಂಸ ಬೇಡ, ಎಂದರೆ ಸಾಲದು. ಕಾಳಿಗೆ ಹಂದಿಕೊಬ್ಬು ಹಾಕುವುದು ಅಲ್ಲಿಯ ರೂಢಿ. ‘ಸಿನ್ ಮಾಂತೆಕಾ’ ಎಂದೂ ಹೇಳಬೇಕು. ನನಗಾಗಿ ಆಕೆ ಒಂದು ಚಿಕ್ಕ ಪಾತ್ರೆಯಲ್ಲಿ ಎಣ್ಣೆ ಹಾಕಿದ ಕಾಳನ್ನು ಬೇರೆಯೇ ಇಡುತ್ತಾಳೆ. ನಾನು ಕೇಳಿದ್ದು ಒಂದೇ ಸಲ.

ಊರೇ ಅಪಾಯದ್ದಲ್ಲವೇ ಎನ್ನುತ್ತೀರಿ. ಗೊತ್ತು. ತಿಹುವಾನಾ ಇರುವ ಬಾಹಾ ಕ್ಯಾಲಿಫೋರ್ನಿಯಾ ರಾಜ್ಯವನ್ನು ಅಮೆರಿಕದ ವಿದೇಶಾಂಗ ಇಲಾಖೆ ಪ್ರಯಾಣ ಎಚ್ಚರಿಕೆಯ ಮೂರನೆಯ ಹಂತದಲ್ಲಿ ಇಟ್ಟಿದೆ, ಕೊಲೆಗಳ ಸುದ್ದಿಯನ್ನು ನಾನೂ ಓದುತ್ತೇನೆ. ಕತ್ತಲಾಗುವ ಮೊದಲು ಗಡಿ ಸೇರುತ್ತೇನೆ. ಆದರೆ ಅದೇ ಊರಿಗೆ ಹಲ್ಲಿಗಾಗಿ ಬಂದವರು ಈ ಮಾತನ್ನು ಊಟದ ಮೇಜಿನ ಮುಂದೆ ಮಾತ್ರ ನೆನಪಿಸಿಕೊಂಡರೆ ನನಗೆ ಸಿಟ್ಟು ಬರುತ್ತದೆ.

ಇನ್ನೂ ಹೆಚ್ಚು ನೋಯಿಸಿದ್ದು ಇದು: ಅವರು ಬೇಡವೆಂದ ಆ ಮೇಜಿನ ಮೇಲೆ ಇದ್ದದ್ದೆಲ್ಲ ನಮ್ಮ ಅಡುಗೆಮನೆಯ ನೆಂಟರೇ. ಲೋಟದಲ್ಲಿ ಹುಣಸೆ ಪಾನಕ. ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ರಾತ್ರಿ ನೆನೆಸಿ, ಅರೆದು ತಟ್ಟಿದ ತೋರ್ತಿಯಾ. ಕಾವಲಿಯ ಮೇಲೆ ಅದು ಉಬ್ಬುವುದನ್ನು ನೋಡಿದರೆ ಅವ್ವನ ರೊಟ್ಟಿ ನೆನಪಾಗದೆ ಇರದು. ಬ್ಯಾಡಗಿಯ ಮೆಣಸಿನಕಾಯಿಯ ಮೂಲ ಬೀಜವೂ ಪೋರ್ಚುಗೀಸರ ಹಡಗು ಹತ್ತಿ ಅಮೆರಿಕ ಖಂಡದಿಂದಲೇ ಬಂದದ್ದಲ್ಲವೇ?

ಸೋಮವಾರ ಎಂದಿನಂತೆ ಹೋದೆ. ಮುಖ ತೋರಿಸಲು ಸಂಕೋಚವಾಗಿತ್ತು. ಆಕೆ ಸಾರಿನ ಬಟ್ಟಲು ಇಟ್ಟು, ಸೆರಗಿನಂತೆ ಕಟ್ಟಿಕೊಂಡ ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತಾ, ‘ಆ ಹಿರಿಯರ ಹಲ್ಲುನೋವು ಹೇಗಿದೆ?’ ಎಂದು ಕೇಳಿದಳು. ದವಾಖಾನೆಯಿಂದ ಬಂದಿದ್ದಾರೆ ಎಂದು ನಾನೇ ಅಂದು ಹೇಳಿದ್ದೆ. ಪಾಪ, ಅಗಿಯಲಾಗದೆ ಬಿಟ್ಟರು ಎಂದುಕೊಂಡಿದ್ದಳು. ‘ಮುಂದಿನ ಸಲ ಬರುವುದಾದರೆ ಮೊದಲೇ ಹೇಳಿ. ಕಾಳನ್ನು ನುಣ್ಣಗೆ ಅರೆದು ಇಡುತ್ತೇನೆ, ಹಲ್ಲಿಗೆ ಶ್ರಮವಾಗುವುದಿಲ್ಲ’ ಎಂದಳು.

ಸರಿ, ಹೇಳುತ್ತೇನೆ ಎಂದೆ. ಅವರ ಮುಂದಿನ ಭೇಟಿ 3 ವಾರದ ನಂತರ ಇದೆ. ಈ ಬರಹವನ್ನು ಅವರೂ ಓದುತ್ತಾರೆ ಎಂದು ಗೊತ್ತಿದ್ದೇ ಬರೆದಿದ್ದೇನೆ.