ಟ್ರಾನ್ಸ್‌ಫಾರ್ಮರಿನ ಮೂಗು

ಬೀದಿಯ ಕೊನೆಯಲ್ಲಿ ಢಂ ಎಂದು ಸದ್ದಾಗಿ ದೀಪಗಳೆಲ್ಲ ಆರಿದರೆ ಸಾಕು, ಕತ್ತಲಲ್ಲೇ ಯಾರಾದರೊಬ್ಬರು ತೀರ್ಪು ಕೊಟ್ಟುಬಿಡುತ್ತಾರೆ: "ಟ್ರಾನ್ಸ್‌ಫಾರ್ಮರ್ ಬರ್ಸ್ಟ್ ಆಯ್ತು!" ಬಹುಮಟ್ಟಿಗೆ ಆಗಿರುವುದಿಲ್ಲ. ಕಂಬದ ಮೇಲೆ ಓರೆಯಾಗಿ ನಿಂತಿರುವ ಡ್ರಾಪ್‌ಔಟ್ ಫ್ಯೂಸಿನ ಕೊಳವೆಯೊಳಗೆ ತಂತಿ ಕರಗುತ್ತದೆ. ಆಗ ಹುಟ್ಟುವ ಕಿಡಿ ಕೊಳವೆಯ ಒಳಮೈಯನ್ನು ಸುಟ್ಟು ಅನಿಲ ಎಬ್ಬಿಸುತ್ತದೆ. ಆ ಅನಿಲ ಕಿಡಿಯನ್ನು ಊದಿ ಆರಿಸುತ್ತ ಕೊಳವೆಯ ಬಾಯಿಂದ ನುಗ್ಗಿದಾಗ ಬರುವುದೇ ಈ ಢಂ. ಕೆಲಸ ಮುಗಿದ ಮೇಲೆ ಕೊಳವೆ ಮೇಲಿನ ಹಿಡಿತ ಬಿಟ್ಟು, ತನ್ನದೇ ಭಾರಕ್ಕೆ ಜೋತುಬೀಳುತ್ತದೆ. ಟಾರ್ಚ್ ಹಾಯಿಸಿ ತಲೆಯೆತ್ತಿದರೆ ಯಾರಿಗೂ ಕಾಣುವಂಥದು. ಆದರೆ ತಲೆಯೆತ್ತಿ ನೋಡುವುದಕ್ಕಿಂತ ತೀರ್ಪು ಕೊಡುವುದು ಸುಲಭ. ತನ್ನ ಪಾಲಿನ ಕೆಲಸವನ್ನು ಚೊಕ್ಕವಾಗಿ ಮಾಡಿದ ಫ್ಯೂಸಿಗೆ ಹೊಗಳಿಕೆ ಇಲ್ಲ. ಏನೂ ಆಗದ ಟ್ರಾನ್ಸ್‌ಫಾರ್ಮರಿಗೆ ಮಾತ್ರ ಅಪಮೃತ್ಯುವಿನ ಅಪವಾದ.

ಇಷ್ಟು ರೇಗಿದ ಮೇಲೆ, ಅದರೊಳಗೆ ವೋಲ್ಟೇಜ್ ಹೇಗೆ ಬದಲಾಗುತ್ತದೆ ಎಂಬುದನ್ನು ಹೇಳುವುದು ನ್ಯಾಯ. ಹೇಳೋಣ. ಒಳಗಿರುವ ತಂತಿ ಸುರುಳಿಗಳ ಸುತ್ತುಗಳ ಲೆಕ್ಕ, ಅಷ್ಟೆ: ಸುತ್ತು ಎಷ್ಟು ಪಟ್ಟೋ ವೋಲ್ಟೇಜೂ ಅಷ್ಟು ಪಟ್ಟು. ಈ ಲೆಕ್ಕದಲ್ಲೂ ಎಡವುವವರಿದ್ದಾರೆ ಎನ್ನುವುದು ಬೇರೆ ಮಾತು. ಫಲಕದ ಮೇಲೆ 11000/433 ಎಂದು ಕಂಡ ಕೂಡಲೇ ಒಂದನ್ನು ಇನ್ನೊಂದರಿಂದ ಭಾಗಿಸಿ, 25 ಚಿಲ್ಲರೆ ಎಂದು ಬರೆದುಕೊಂಡು ಹೋಗುತ್ತಾರೆ. ಮೇಲಿನ, ಅಂದರೆ 11000 ವೋಲ್ಟಿನ ಕಡೆಯ, ಮೂರು ಸುರುಳಿಗಳ ಜೋಡಣೆ ಡೆಲ್ಟಾ (ತ್ರಿಕೋನ), ಕೆಳಗಿನ 433ರ ಕಡೆಯದು ಸ್ಟಾರ್ (ಮೂರರ ಒಂದೊಂದು ತುದಿ ಒಂದೇ ಕಡೆ ಸೇರಿದ್ದು). ಸ್ಟಾರಿನ ಒಂದೊಂದು ಸುರುಳಿಗೆ ಸಿಗುವುದು 433 ಅಲ್ಲ, ಅದನ್ನು 1.732ರಿಂದ ಭಾಗಿಸಿದರೆ ಬರುವ 250 ವೋಲ್ಟ್. ಹಾಗಾಗಿ ಕೆಳಗೆ 1 ಸುತ್ತಿದ್ದರೆ ಮೇಲೆ 44. ಅದರ ಸಾಮರ್ಥ್ಯ 100 ಕೆವಿಎ ಆಗಿದ್ದರೆ ಪೂರ್ತಿ ಲೋಡಿನಲ್ಲಿ ಮೇಲಿನ ತಂತಿಯಲ್ಲಿ ಐದೂಕಾಲು ಆಂಪಿಯರ್, ಕೆಳಗಿನದರಲ್ಲಿ 133. ಒಂದು ಕಡೆ ಕೂದಲೆಳೆಯಂಥ ತಂತಿ, ಇನ್ನೊಂದು ಕಡೆ ಪಟ್ಟಿ. ಉಳಿದದ್ದನ್ನು ಆಮೇಲೆ ವಿವರವಾಗಿ ನೋಡೋಣ. ಅದಕ್ಕೂ ಮೊದಲು ಟ್ಯಾಂಕಿನ ಪಕ್ಕದಲ್ಲಿ ನೇತಾಡುವ ಆ ಗಾಜಿನ ಡಬ್ಬಿಯ ವಿಷಯ ಒಂದೆರಡು ಮಾತಿನಲ್ಲಿ ಮುಗಿಸಿಬಿಡಬೇಕು.

ಅದರ ಹೆಸರು ಬ್ರೀದರ್. ಕನ್ನಡದಲ್ಲಿ ಮೂಗು ಎಂದರೆ ತಪ್ಪಿಲ್ಲ. ಚಲಿಸುವ ಒಂದೇ ಒಂದು ಭಾಗವಿಲ್ಲದ ಈ ಯಂತ್ರಕ್ಕೆ ಉಸಿರಾಟವಿದೆ ಎಂದರೆ ಕೆಲವರು ಮೂಗಿನ ಮೇಲೆ ಬೆರಳಿಡುತ್ತಾರೆ. ಟ್ಯಾಂಕಿನ ತುಂಬ ಎಣ್ಣೆ ಇರುತ್ತದೆ. ಕಾದರೆ ಹಿಗ್ಗುತ್ತದೆ, ತಣ್ಣಗಾದರೆ ಕುಗ್ಗುತ್ತದೆ. ಒಂದು ಡಿಗ್ರಿಗೆ ಹತ್ತು ಸಾವಿರದಲ್ಲಿ ಏಳೆಂಟು ಪಾಲು ಮಾತ್ರ. ಅಷ್ಟೇ ತಾನೆ ಎನ್ನಬೇಡಿ. 200 ಲೀಟರ್ ಎಣ್ಣೆ 40 ಡಿಗ್ರಿ ಏರಿ ಇಳಿದರೆ 6 ಲೀಟರಿನಷ್ಟು ಗಾಳಿ ಹೊರಗೆ ಹೋಗಿ ಮತ್ತೆ ಒಳಗೆ ಬಂತು ಎಂದಾಯಿತು. ಮೇಲೆ ಅಡ್ಡ ಮಲಗಿಸಿದ ಪೀಪಾಯಿಯಂಥ ಕನ್ಸರ್ವೇಟರ್ ಇರುವುದು ಈ ಏರಿಳಿತಕ್ಕೆ ಜಾಗ ಕೊಡಲಿಕ್ಕೆ. ಅದರಿಂದ ಇಳಿದು ಬರುವ ಸಣ್ಣ ಪೈಪಿನ ತುದಿಯಲ್ಲಿ ನಮ್ಮ ಮೂಗು.

ಈ ಉಸಿರಾಟದ ಹೊತ್ತು ಗೊತ್ತು ನೋಡಿದರೆ ಯಾರೋ ಬೇಕೆಂದೇ ಹಗೆ ಸಾಧಿಸಿದಂತಿದೆ. ಬಿಸಿಲಿಗೂ ಲೋಡಿಗೂ ಕಾದು ನಿಟ್ಟುಸಿರು ಬಿಡುವುದು ಗಾಳಿ ಒಣಗಿರುವಾಗ. ಕಾದ ಟ್ಯಾಂಕಿನ ಮೇಲೆ ದಿಢೀರನೆ ಮಳೆ ಸುರಿದಾಗ ಎಣ್ಣೆ ಕುಗ್ಗುತ್ತದೆ. ಗಾಳಿಯಲ್ಲಿ ನೀರಿನ ಪಸೆ ಹೆಚ್ಚಿರುವ ಆ ಹೊತ್ತಿನಲ್ಲೇ ಇದು ಎದೆತುಂಬ ಉಸಿರೆಳೆದುಕೊಳ್ಳುತ್ತದೆ. ಆ ಪಸೆಯನ್ನು ಬಾಗಿಲಲ್ಲೇ ತಡೆಯಲು ಡಬ್ಬಿಯೊಳಗೆ ಸಿಲಿಕಾ ಜೆಲ್ ಹರಳುಗಳು. ಹೊಸ ಚಪ್ಪಲಿಯ ಪೆಟ್ಟಿಗೆಯಲ್ಲಿ "ತಿನ್ನಬೇಡಿ" ಎಂಬ ಎಚ್ಚರಿಕೆ ಹೊತ್ತು ಬರುವ ಪೊಟ್ಟಣದ ದೊಡ್ಡಣ್ಣ. ಕೋಬಾಲ್ಟ್ ಕ್ಲೋರೈಡ್ ಲೇಪಿಸಿದ ಹರಳು ಒಣಗಿದ್ದಾಗ ನೀಲಿ, ನೀರು ಕುಡಿದಾಗ ಗುಲಾಬಿ. ಓದು ಬರಹ ಬಾರದವರಿಗೂ ತಿಳಿಯಲಿ ಎಂದು ಮಾಡಿದ ಏರ್ಪಾಡು. ಆದರೂ ವರ್ಷಗಟ್ಟಲೆ ಗುಲಾಬಿಯಾಗಿಯೇ ಉಳಿದ, ಕೊನೆಗೆ ಗುಲಾಬಿಯೂ ಮಾಸಿ ಬೂದು ಬಣ್ಣವಾದ ಡಬ್ಬಿಗಳನ್ನು ನೋಡಿದರೆ, ಓದು ಬಲ್ಲವರೇ ಅದನ್ನು ನೋಡಿಕೊಳ್ಳುತ್ತಿದ್ದಾರೆ ಎಂದು ಖಾತ್ರಿಯಾಗುತ್ತದೆ.

ಬಣ್ಣ ನೋಡುವುದರಲ್ಲೂ ಒಂದು ಮರ್ಮವಿದೆ. ಗಾಳಿ ಬರುವುದು ಕೆಳಗಿನಿಂದ. ಆದ್ದರಿಂದ ಗುಲಾಬಿ ಕೆಳಗಿನಿಂದ ಮೇಲಕ್ಕೆ ಹತ್ತಬೇಕು. ಅರ್ಧಕ್ಕೆ ಬಂದಾಗ ಬದಲಿಸುವ ಏರ್ಪಾಡು ಶುರು ಮಾಡಿ, ಮುಕ್ಕಾಲು ದಾಟಲು ಬಿಡದಿದ್ದರೆ ಸಾಕು. ಮೇಲಿನ ಹರಳು ಗುಲಾಬಿಯಾಗಿ ಕೆಳಗಿನದು ಇನ್ನೂ ನೀಲಿಯಾಗಿದ್ದರೆ ಹರಳು ಬದಲಿಸಿ ಕೈತೊಳೆದುಕೊಳ್ಳುವುದು ದಂಡ. ಪೈಪಿನ ಜೋಡಣೆಯಲ್ಲೋ ಸಂದಿ ಮುಚ್ಚುವ ಮೇಲಿನ ಗ್ಯಾಸ್ಕೆಟ್ಟಿನಲ್ಲೋ ಬಿರುಕಿದೆ. ಯಂತ್ರ ಮೂಗು ಬಿಟ್ಟು ಹಿಂಬಾಗಿಲಿನಿಂದ ಉಸಿರಾಡುತ್ತಿದೆ. ಮೊದಲು ಆ ಗ್ಯಾಸ್ಕೆಟ್ ಬದಲಿಸಬೇಕು. ಇನ್ನು ಹರಳು ಕಪ್ಪುಗಂದಾಗಿ ಅಂಟಿಕೊಂಡಿದ್ದರೆ ಅದು ಎಣ್ಣೆ ಕುಡಿದಿದೆ. ಅದನ್ನು ಒಣಗಿಸಿ ಪ್ರಯೋಜನವಿಲ್ಲ, ಎಸೆಯುವುದೇ.

ಕೋಬಾಲ್ಟ್ ಆರೋಗ್ಯಕ್ಕೆ ಕೆಟ್ಟದ್ದೆಂದು ಈಗ ಕಿತ್ತಳೆ ಬಣ್ಣದ ಹರಳು ಬಂದಿದೆ. ಒಣಗಿದ್ದಾಗ ಕಿತ್ತಳೆ, ಒದ್ದೆಯಾದರೆ ಹಸಿರು. ಒಳ್ಳೆಯದೇ. ಆದರೆ ಗೋಡೆಗೆ ಅಂಟಿಸಿದ ಹಳೆಯ ಸೂಚನಾ ಪಟ್ಟಿಯಲ್ಲಿ "ಗುಲಾಬಿಯಾದಾಗ ಬದಲಿಸಿ" ಎಂದೇ ಇರುತ್ತದೆ. ಕಿತ್ತಳೆ ಹರಳು ಗುಲಾಬಿಯಾಗುವುದನ್ನು ಕಾಯುತ್ತ ಕೂತವರು ನಿವೃತ್ತರಾದರೂ ಅದು ಗುಲಾಬಿಯಾಗುವುದಿಲ್ಲ.

ಡಬ್ಬಿಯ ತಳದಲ್ಲಿ ಒಂದು ಪುಟ್ಟ ಬಟ್ಟಲು ಇದೆ. ಒಂದೆರಡು ಮಾತು ಎಂದಿದ್ದೆ, ನಿಜ. ಬಟ್ಟಲನ್ನು ಬಿಟ್ಟು ಮೂಗಿನ ಮಾತು ಮುಗಿಯುವುದಿಲ್ಲ. ಇದರಲ್ಲಿ ಗೀಟಿನವರೆಗೆ ಟ್ರಾನ್ಸ್‌ಫಾರ್ಮರ್ ಎಣ್ಣೆ ಇರಬೇಕು. ಒಳಬರುವ ಗಾಳಿ ಈ ಎಣ್ಣೆಯಲ್ಲಿ ಗುಳುಗುಳು ಎಂದು ಮುಳುಗೆದ್ದು ಧೂಳು ಕಳೆದುಕೊಂಡು ಹೋಗುತ್ತದೆ. ಉಸಿರಾಟವಿಲ್ಲದ ಹೊತ್ತಿನಲ್ಲಿ ಹರಳಿಗೂ ಹೊರಗಿನ ಗಾಳಿಗೂ ಸಂಪರ್ಕ ಇರದಂತೆ ಇದೇ ಬಾಗಿಲು ಹಾಕುತ್ತದೆ. ಬಟ್ಟಲು ಒಣಗಿದ್ದರೆ ಹರಳು ಬೀದಿಯ ತೇವವನ್ನೆಲ್ಲ ಹಗಲಿರುಳು ಕುಡಿದು, ತಿಂಗಳುಗಳ ಬಾಳಿಕೆಯನ್ನು ವಾರಗಳಲ್ಲಿ ಮುಗಿಸುತ್ತದೆ. ಇರಲಿ ಎಂದು ಗೀಟು ದಾಟಿ ತುಂಬಿದರೆ ಉಸಿರೆಳೆದಾಗ ಎಣ್ಣೆಯೇ ಮೇಲೇರಿ ಹರಳನ್ನು ನೆನೆಸುತ್ತದೆ. ಉದಾರತೆಗೆ ಇಲ್ಲಿ ಜಾಗವಿಲ್ಲ.

ಎಲ್ಲಕ್ಕಿಂತ ಸಿಟ್ಟು ಬರಿಸುವುದು ಹೊಸ ಬ್ರೀದರ್. ಸಾಗಣೆಯಲ್ಲಿ ಹರಳು ಕೆಡದಿರಲಿ ಎಂದು ತಯಾರಕರು ಉಸಿರಾಟದ ತೂತುಗಳಿಗೆ ಟೇಪು ಸುತ್ತಿಯೋ ಮುಚ್ಚಳ ತಿರುಪಿಯೋ ಕಳಿಸುತ್ತಾರೆ. "ಅಳವಡಿಸುವ ಮುನ್ನ ತೆಗೆಯಿರಿ" ಎಂಬ ಚೀಟಿಯೂ ಇರುತ್ತದೆ. ಚೀಟಿಯನ್ನು ತೆಗೆದು ಬಿಸಾಡಿ, ಟೇಪನ್ನು ಹಾಗೇ ಬಿಟ್ಟು ಬಿಗಿದು ಹೋಗುವ ಮಹನೀಯರಿದ್ದಾರೆ. ಹರಳು ಮಾತ್ರ ನೀಲಿಯಾಗಿಯೇ ಇರುತ್ತದೆ, ತಪಾಸಣೆಗೆ ಬಂದವರು ಮೆಚ್ಚಿ ತಲೆದೂಗುತ್ತಾರೆ. ಮೂಗು ಹಿಡಿದರೆ ಬಾಯಿ ತೆರೆಯುತ್ತದೆ ಎಂಬ ಗಾದೆ ಕಬ್ಬಿಣಕ್ಕೂ ಸಲ್ಲುತ್ತದೆ. ಎಣ್ಣೆ ಹಿಗ್ಗಿದಾಗ ಒತ್ತಡ ತಾಳದೆ ಯಾವುದೋ ಗ್ಯಾಸ್ಕೆಟ್ ಒಸರುತ್ತದೆ. ಕುಗ್ಗಿದಾಗ ಅದೇ ಸಂದಿಯಿಂದ ಹಸಿ ಗಾಳಿಯನ್ನೂ, ಮಳೆ ಬಿದ್ದಿದ್ದರೆ ನೇರವಾಗಿ ನೀರನ್ನೂ ಹೀರುತ್ತದೆ. ಒಸರಿದ ಕಡೆ ಎಂಸೀಲ್ ಮೆತ್ತಿ ಇನ್ನೊಬ್ಬರು ಹೋಗುತ್ತಾರೆ. ಟೇಪು ಅಲ್ಲೇ ಇರುತ್ತದೆ.

ಒಳಗೆ ಹೋದ ನೀರು ಎಣ್ಣೆಯಲ್ಲಿ ಇರುವುದೇ ಕಡಿಮೆ. ಸುರುಳಿಗಳಿಗೆ ಸುತ್ತಿರುವುದು ಕಾಗದ. ಕಾಗದಕ್ಕೆ ನೀರೆಂದರೆ ಎಣ್ಣೆಗಿಂತ ನೂರಾರು ಪಟ್ಟು ಮೋಹ. ಹೊಸದರಲ್ಲಿ ನೂರಕ್ಕೆ ಅರ್ಧ ಪಾಲಿನಷ್ಟು ತೇವ ಇರುವ ಕಾಗದ, ಮೂರು ನಾಲ್ಕು ಪಾಲಿಗೆ ಬಂತೆಂದರೆ ಅಪಾಯದ ಅಂಚಿಗೆ ಬಂದಂತೆ. ಒದ್ದೆ ಕಾಗದ ಬೇಗ ಮುದಿಯಾಗುತ್ತದೆ, ಮುದಿಯಾಗುವಾಗ ತಾನೇ ಇನ್ನಷ್ಟು ನೀರನ್ನು ಹುಟ್ಟಿಸುತ್ತದೆ. ಸಾಲಕ್ಕೆ ಬಡ್ಡಿ, ಬಡ್ಡಿಗೆ ಚಕ್ರಬಡ್ಡಿ. ಎಣ್ಣೆಯನ್ನು ಬದಲಿಸಬಹುದು, ಸೋಸಬಹುದು. ಪುಡಿಪುಡಿಯಾದ ಕಾಗದವನ್ನು ಮತ್ತೆ ಗಟ್ಟಿ ಮಾಡುವ ಔಷಧ ಇಲ್ಲ.

"ಎಣ್ಣೆ ಟೆಸ್ಟ್ ಮಾಡಿಸಿದ್ದೇವೆ, ಚೆನ್ನಾಗಿದೆ" ಎಂಬ ಸಮಾಧಾನದ ಮಾತು ಬರುವುದು ಇಲ್ಲೇ. 2.5 ಮಿಲಿಮೀಟರ್ ಅಂತರದ ಎರಡು ಲೋಹದ ಗುಂಡುಗಳ ನಡುವೆ ಎಣ್ಣೆ ಹಾಕಿ, ಕಿಡಿ ಹಾರುವ ತನಕ ವೋಲ್ಟೇಜ್ ಏರಿಸುವ ಪರೀಕ್ಷೆ ಅದು. ಕೆಲಸದಲ್ಲಿರುವ ಎಣ್ಣೆ 30 ಕಿಲೋವೋಲ್ಟಿಗೂ ತಾಳದಿದ್ದರೆ ಸುಮ್ಮನೆ ಕೂರುವಂತಿಲ್ಲ. ಚೆನ್ನಾಗಿ ಸೋಸಿದ ಎಣ್ಣೆ 60 ದಾಟುತ್ತದೆ. ಆದರೆ ಎಣ್ಣೆ ತಣ್ಣಗಿರುವಾಗ ನೀರೆಲ್ಲ ಕಾಗದದೊಳಗೆ ಅವಿತಿರುತ್ತದೆ, ಕಾದಾಗ ಎಣ್ಣೆಗೆ ಇಳಿಯುತ್ತದೆ. ತಣ್ಣಗಿರುವಾಗ ಮಾದರಿ ತೆಗೆದರೆ ಕಳ್ಳ ಮನೆಯಲ್ಲಿಲ್ಲದಾಗ ಶೋಧ ಮಾಡಿದಂತೆ. ಬೆಚ್ಚಗಿದ್ದಾಗ ತಳದ ವಾಲ್ವಿನಿಂದ, ಮೊದಲ ಒಂದೆರಡು ಲೀಟರ್ ಹರಿಯಬಿಟ್ಟು, ಅದೇ ಎಣ್ಣೆಯಲ್ಲಿ ತೊಳೆದ ಒಣ ಬಾಟಲಿಗೆ ತುಂಬಬೇಕು. ಮಳೆಯಲ್ಲಿ ತೆಗೆಯಲೇಬಾರದು. ಒದ್ದೆ ಬಾಟಲಿಯಲ್ಲಿ ತಂದ ಒಳ್ಳೆಯ ಎಣ್ಣೆಗೆ ಕೆಟ್ಟ ಹೆಸರು ಬರುವುದೂ ಉಂಟು.

1885ರಲ್ಲಿ ಬುಡಾಪೆಸ್ಟಿನ ಗಾಂಜ್ ಕಾರ್ಖಾನೆಯಲ್ಲಿ ಜಿಪರ್ನೋವ್ಸ್ಕಿ, ಬ್ಲಾಥಿ, ಡೇರಿ ಎಂಬ ಮೂವರು ಟ್ರಾನ್ಸ್‌ಫಾರ್ಮರಿಗೆ ಈಗಿನ ಹೆಸರನ್ನೂ ಎಲ್ಲೂ ತೆರಪಿಲ್ಲದೆ ಸುತ್ತಿಬಂದು ಕೂಡಿಕೊಳ್ಳುವ ಕಬ್ಬಿಣದ ಗರ್ಭವನ್ನೂ ಕೊಟ್ಟಾಗ ಈ ತಾಪತ್ರಯ ಇರಲಿಲ್ಲ. ಅವರದಕ್ಕೆ ಎಣ್ಣೆಯಿರಲಿಲ್ಲ, ಹಾಗಾಗಿ ಮೂಗೂ ಇರಲಿಲ್ಲ. ಈಗ ಚಿಕ್ಕವುಗಳಲ್ಲಿ ಪೂರ್ತಿ ಮುಚ್ಚಿದ ಟ್ಯಾಂಕು ಬಂದಿದೆ. ಮಡಿಕೆ ಮಡಿಕೆಯಾದ ಅದರ ಪಕ್ಕೆಗಳೇ ಉಬ್ಬಿ ತಗ್ಗುತ್ತವೆ, ಹೊರಗಿನ ಗಾಳಿಯ ಹಂಗಿಲ್ಲ. ನಿರ್ವಹಣೆಯೇ ಬೇಡವೆಂದು ಮಾರುವವರು ಹೇಳುತ್ತಾರೆ. ಮಾಡದವರಿಗೆ ಹೇಳಿ ಮಾಡಿಸಿದ್ದು.

ಮೂಗಿಗಿಂತ ಮೂಗುತಿ ಭಾರವಾಯಿತು, ಗೊತ್ತು. ವೋಲ್ಟೇಜಿನ ವಿಷಯಕ್ಕೆ ಬರುತ್ತೇನೆ. ಮೇಲಿನ ಸುರುಳಿಯ ಸುತ್ತುಗಳನ್ನು ಹೆಚ್ಚು ಕಡಿಮೆ ಮಾಡುವ ಟ್ಯಾಪ್ ತಿರುಗಿಸುವ ಹಿಡಿ ಒಂದಿದೆ, ಒಂದೊಂದು ಮೆಟ್ಟಿಲಿಗೆ ನೂರಕ್ಕೆ ಎರಡೂವರೆ. ಕೆಳಗೆ ವೋಲ್ಟೇಜ್ ಏರಬೇಕಾದರೆ ಮೇಲಿನ ಸುತ್ತು ಕಡಿಮೆಯಾಗಬೇಕು. ಸಾದಾ ಟ್ಯಾಪ್ ಸ್ವಿಚ್ಚನ್ನು ಲೈನ್ ಜೀವಂತವಿರುವಾಗ, ಲೋಡ್ ಇಲ್ಲದಿದ್ದರೂ, ತಿರುಗಿಸಬಾರದು. ಹೇಗೂ ಎರಡೂ ಕಡೆ ಬಂದ್ ಮಾಡಿ, ಯಾರದೋ ಜನರೇಟರಿನಿಂದ ಹಿಂದಕ್ಕೆ ಕರೆಂಟ್ ಬರದಂತೆ ಅರ್ಥ್ ಕಟ್ಟಿ ಹತ್ತಿದವರು, ಅದೇ ಹೊತ್ತಿನಲ್ಲಿ ಬ್ರೀದರನ್ನೂ ಇಳಿಸಿಕೊಂಡು ಬರಬಹುದು.

ಇಳಿಸಿದಾಗ ಗುಲಾಬಿಯಾಗಿರುವ ನೀಲಿ ಜಾತಿಯ ಜೆಲ್ಲನ್ನು ಎಸೆಯಬೇಕಿಲ್ಲ. ತಟ್ಟೆಯಲ್ಲಿ ತೆಳ್ಳಗೆ ಹರಡಿ 120ರಿಂದ 150 ಡಿಗ್ರಿಯಲ್ಲಿ ಕೆಲವು ಗಂಟೆ ಒಣಗಿಸಿದರೆ ಮತ್ತೆ ನೀಲಿ. ಉರಿ ಹೆಚ್ಚಿಸಿ ಬೇಗ ಮುಗಿಸಲು ಹೋದರೆ ಬಣ್ಣವೂ ಹೋಗುತ್ತದೆ, ಹೀರುವ ಗುಣವೂ ಹೋಗುತ್ತದೆ. ತಣ್ಣಗಾಗಿಸುವುದು ಗಾಳಿಯಾಡದ ಡಬ್ಬದಲ್ಲೇ. ಸುತ್ತುಗಳ ಬಗ್ಗೆ ಹೇಳುವುದು ಇನ್ನೂ ಉಳಿದಿದೆ, ಆದರೆ ತಟ್ಟೆ ಈಗಷ್ಟೇ ಒಲೆಯಿಂದ ಇಳಿದಿದೆ. ಮಾತಾಡುತ್ತ ನಿಂತರೆ ಅಂಚಿನ ಹರಳುಗಳು ಆಗಲೇ ಗುಲಾಬಿಗೆ ತಿರುಗತೊಡಗುತ್ತವೆ.