ಎದ್ದು ನಡೆಯದವನ ವಿಶ್ವಾಸ

ಬಹಳ ದಿನದಿಂದ ಬರೆಯಬೇಕು ಅಂತ ಇದ್ದ ವಿಷಯ ಇದು. ಸ್ವಲ್ಪ ಉದ್ದ ಇದೆ, ಪುರುಸೊತ್ತು ಮಾಡಿಕೊಂಡು ಓದಿ.

ನಮ್ಮ ಕ್ರೈಸ್ತ ಸಭೆಗಳಲ್ಲಿ ಯಾರಿಗಾದರೂ ದೊಡ್ಡ ಕಷ್ಟ ಬಂತು ಅಂದರೆ ಎರಡು ಮಾತು ಸಿದ್ಧವಾಗಿರುತ್ತವೆ. ಒಂದು, ‘ಎಲ್ಲಾ ದೇವರ ಚಿತ್ತ, ಅಳಬೇಡಿ.’ ಇನ್ನೊಂದು, ‘ವಿಶ್ವಾಸ ಇಡಿ, ಪೂರ್ತಿ ವಾಸಿಯಾಗುತ್ತೆ.’ ಹೇಳುವವರ ಮನಸ್ಸು ಒಳ್ಳೆಯದೇ. ಆದರೆ ಹಾಸಿಗೆ ಹಿಡಿದವರ ಬಾಯಿಯನ್ನು ಈ ಎರಡು ಮಾತೂ ಕಟ್ಟಿಹಾಕುತ್ತವೆ. ಮೊದಲನೆಯದು ಅಳೋದಕ್ಕೂ ಬಿಡೋದಿಲ್ಲ. ಎರಡನೆಯದು ಇನ್ನೂ ಕ್ರೂರ: ವಾಸಿಯಾಗದೇ ಹೋದರೆ ತಪ್ಪನ್ನೂ ರೋಗಿಯ ತಲೆಗೇ ಕಟ್ಟುತ್ತೆ. ಕ್ರಿಸ್ತನಲ್ಲಿ ನನಗೆ ಸಿಕ್ಕಿರುವ ಭರವಸೆ ಈ ಎರಡರಲ್ಲಿ ಯಾವುದೂ ಅಲ್ಲ. ಅದು ಏನು ಅಂತ ಹೇಳೋದಕ್ಕೆ ನಮ್ಮಣ್ಣನ ವಿಷಯ ಹೇಳಲೇಬೇಕು. ಅವನನ್ನು ಕೇಳಿಯೇ ಬರೆಯುತ್ತಿದ್ದೇನೆ.

ಕೋಲಾರದ ಕಡೆಯವರಿಗೆ ಹುಣಸೆ ಸುಗ್ಗಿ ಗೊತ್ತು. ಸಂಕ್ರಾಂತಿ ಕಳೆದ ಮೇಲೆ ಮರ ಗುತ್ತಿಗೆ ಹಿಡಿದವರು ಆಳು ಕರೆದುಕೊಂಡು ಬರುತ್ತಾರೆ. ಗಂಡಸರು ಮರ ಹತ್ತಿ ಕೊಂಬೆ ಅಲ್ಲಾಡಿಸುತ್ತಾರೆ, ಹೆಂಗಸರು ಕೆಳಗೆ ಆಯುತ್ತಾರೆ. ಅಣ್ಣ ಹತ್ತಿದ್ದ ಕೊಂಬೆ ಮುರಿಯಿತು. ಜೀವ ಉಳಿಯಿತು, ಬೆನ್ನುಹುರಿ ಉಳಿಯಲಿಲ್ಲ. ಸೊಂಟದಿಂದ ಕೆಳಗೆ ಸ್ವಾಧೀನ ಹೋಯಿತು. ಆಗ ಅವನ ಮಗಳಿನ್ನೂ ಅಂಬೆಗಾಲಿಡುತ್ತಿದ್ದಳು.

ಮೊದಲ ಕೆಲವು ತಿಂಗಳು ಮನೆ ತುಂಬ ಪ್ರಾರ್ಥನೆ. ಆಮೇಲೆ ಯಾರೋ ಪಕ್ಕದ ತಾಲ್ಲೂಕಿನ ಮೈದಾನದಲ್ಲಿ ಸ್ವಸ್ಥತೆಯ ಕೂಟ ಇದೆ ಅಂದರು. ಅಮ್ಮನ ಆಸೆ, ಕರೆದುಕೊಂಡು ಹೋದೆವು. ವೇದಿಕೆ ಮೇಲಿದ್ದ ಬೋಧಕರು ‘ಯೇಸುವಿನ ನಾಮದಲ್ಲಿ ಎದ್ದೇಳು’ ಅಂದರು. ಇಬ್ಬರು ಹುಡುಗರು ಕಂಕುಳಿಗೆ ಕೈ ಕೊಟ್ಟು ಎತ್ತಿದರು. ಮಂಡಿ ನಿಲ್ಲಲಿಲ್ಲ. ಲುಂಗಿ ಜಾರಿತು, ಮೂತ್ರದ ಚೀಲ ಎಲ್ಲರಿಗೂ ಕಾಣಿಸಿತು. ಅತ್ತಿಗೆ ಓಡಿ ಹೋಗಿ ಸೆರಗು ಮುಚ್ಚಿದಳು. ಬೋಧಕರು ಮೈಕಿನಲ್ಲಿ ಹೇಳಿದ್ದು ಇಷ್ಟು: ‘ಈ ಕುಟುಂಬದಲ್ಲಿ ಯಾರಿಗೋ ಸಂಶಯ ಇದೆ.’

ಆವತ್ತಿನಿಂದ ಅಮ್ಮ ಉಪವಾಸ ಹೆಚ್ಚು ಮಾಡಿದರು. ಆ ಸಂಶಯ ಇರೋದು ತನ್ನಲ್ಲೇ ಅಂತ ಅವರ ಎಣಿಕೆ. ರಾತ್ರಿ ಅಡುಗೆಮನೆಯಲ್ಲಿ ಮಂಡಿಯೂರಿ ‘ನನ್ನ ತಪ್ಪಿಗೆ ಮಗನನ್ನ ಯಾಕಪ್ಪಾ ಶಿಕ್ಷಿಸ್ತೀಯ’ ಅಂತ ಅಳುವುದನ್ನು ನಾನು ಕೇಳಿದ್ದೇನೆ. ಮಗನ ಕಾಲು ಹೋದ ದುಃಖದ ಮೇಲೆ ಈ ಅಪರಾಧದ ಹೊರೆಯನ್ನೂ ಹೊರಿಸಿದ್ದು ದೇವರಲ್ಲ, ದೇವರ ಹೆಸರು ಹೇಳಿದ ಮನುಷ್ಯರು.

ಯೋಹಾನನ ಸುವಾರ್ತೆ ಒಂಬತ್ತನೇ ಅಧ್ಯಾಯ ತೆಗೆದು ನೋಡಿ. ಹುಟ್ಟುಕುರುಡನನ್ನು ನೋಡಿ ಶಿಷ್ಯರು ಕೇಳುವ ಮೊದಲ ಪ್ರಶ್ನೆಯೇ, ಪಾಪ ಮಾಡಿದ್ದು ಇವನೋ ಇವನ ತಂದೆತಾಯಿಯೋ ಅಂತ. ಇವನೂ ಅಲ್ಲ, ಇವನ ತಂದೆತಾಯಿಯೂ ಅಲ್ಲ ಅನ್ನುತ್ತಾನೆ ಯೇಸು. ಲೂಕನ ಸುವಾರ್ತೆಯಲ್ಲಿ ಸಿಲೋವದ ಗೋಪುರ ಬಿದ್ದು ಹದಿನೆಂಟು ಜನ ಸತ್ತ ಸುದ್ದಿ ಬರುತ್ತೆ. ಅವರು ಯೆರೂಸಲೇಮಿನ ಉಳಿದೆಲ್ಲರಿಗಿಂತ ದೊಡ್ಡ ಪಾಪಿಗಳಾಗಿದ್ದರಾ ಅಂತ ಕೇಳಿ, ಇಲ್ಲ ಅಂತ ತಾನೇ ಉತ್ತರ ಕೊಡುತ್ತಾನೆ. ಊರೂರಿಗೆ ಸುವಾರ್ತೆ ಸಾರಿದ ಅಪೊಸ್ತಲ, ಪೌಲನಂಥ ಪೌಲ ತನ್ನ ಶರೀರದಲ್ಲಿ ನಾಟಿದ ಶೂಲವನ್ನು ತೆಗೆದುಬಿಡು ಅಂತ ಮೂರು ಸಲ ಬೇಡಿಕೊಂಡ. ಶೂಲ ಹೋಗಲಿಲ್ಲ. ‘ನನ್ನ ಕೃಪೆಯೇ ನಿನಗೆ ಸಾಕು’ ಅನ್ನುವ ಉತ್ತರ ಬಂತು. ಪೌಲನ ವಿಶ್ವಾಸ ಕಡಿಮೆಯಾಗಿತ್ತು ಅಂತ ಯಾವ ಬೋಧಕರಾದರೂ ಮೈಕ್ ಹಿಡಿದು ಹೇಳುತ್ತಾರಾ?

ಆ ಕೂಟದಿಂದ ಬಂದ ಮೇಲೆ ಅಣ್ಣ ಮಾತು ಬಿಟ್ಟ. ಒಂದು ರಾತ್ರಿ ಮಾತ್ರ ನನ್ನನ್ನು ಕರೆದು, ‘ಪ್ರಾರ್ಥನೆ ಮಾಡಕ್ಕೆ ಬಾಯೇ ಬರ್ತಿಲ್ಲ ಕಣೇ, ದೇವರ ಮೇಲೆ ಸಿಟ್ಟು ಬರ್ತದೆ’ ಅಂದ. ನಾನು ಬೈಬಲಿನ ಎಂಬತ್ತೆಂಟನೇ ಕೀರ್ತನೆ ಓದಿದೆ. ನೂರೈವತ್ತು ಕೀರ್ತನೆಗಳಲ್ಲಿ ಅದರಷ್ಟು ಕಪ್ಪಾದದ್ದು ಇನ್ನೊಂದಿಲ್ಲ. ಹಗಲೂ ರಾತ್ರಿ ಮೊರೆಯಿಡುತ್ತಿದ್ದೇನೆ, ನೀನೇ ನನ್ನನ್ನು ಗುಂಡಿಗೆ ಹಾಕಿದ್ದೀ, ಗೆಳೆಯರನ್ನು ದೂರ ಮಾಡಿದ್ದೀ, ಯಾಕೆ ನಿನ್ನ ಮುಖ ಮರೆಮಾಡುತ್ತೀ ಅಂತ ದೇವರ ಎದುರಿಗೇ ದೂರುತ್ತ ಹೋಗುತ್ತೆ. ಬೇರೆ ಗೋಳಿನ ಕೀರ್ತನೆಗಳಲ್ಲಿ ಹೆಚ್ಚಿನವು ಎಷ್ಟೇ ಅತ್ತರೂ ಕೊನೆಗೆ ಸ್ತೋತ್ರಕ್ಕೋ ನಂಬಿಕೆಯ ಮಾತಿಗೋ ತಿರುಗುತ್ತವೆ. ಇದು ತಿರುಗೋದಿಲ್ಲ, ಕತ್ತಲೆಯಲ್ಲೇ ಮುಗಿಯುತ್ತೆ. ಅಣ್ಣ ಕೇಳಿ, ‘ಇದು ಬೈಬಲಲ್ಲೇ ಐತಾ? ಇನ್ನೊಂದ್ಸಲ ಓದು’ ಅಂದ. ಇನ್ನೊಂದು ಸಲ ಓದಿದೆ. ಅವನು ಬಿದ್ದ ಮೇಲೆ ಬಾಯಿಬಿಟ್ಟು ಅತ್ತದ್ದು ಅದೇ ಮೊದಲು.

ಆ ರಾತ್ರಿ ನನಗೆ ಖಚಿತವಾಯಿತು. ಈ ದೂರನ್ನು ದೇವರ ಮನೆಯ ಪುಸ್ತಕದಿಂದ ಯಾರೂ ಹರಿದು ಹಾಕಲಿಲ್ಲ. ತಲೆಮಾರುಗಳಿಂದ ಆರಾಧನೆಯಲ್ಲಿ ಹಾಡುತ್ತ ಉಳಿಸಿಕೊಂಡು ಬಂದರು. ಬೈಬಲಿನಲ್ಲಿ ತನ್ನದೇನೂ ತಪ್ಪಿಲ್ಲದೆ ಎಲ್ಲವನ್ನೂ ಕಳೆದುಕೊಂಡು ನರಳಿದ ಯೋಬನೂ ಅಷ್ಟೇ. ಅವನ ಮೂವರು ಸ್ನೇಹಿತರು ಬಂದು ಏಳು ಹಗಲು ಏಳು ರಾತ್ರಿ ಒಂದು ಮಾತೂ ಆಡದೆ ನೆಲದ ಮೇಲೆ ಜೊತೆಗೆ ಕೂತರು. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಬಾಯಿ ತೆರೆದ ಮೇಲೆ ಅಧ್ಯಾಯಗಟ್ಟಲೆ ದೇವರ ಪರ ವಕಾಲತ್ತು ಮಾಡಿ, ನಿನ್ನಲ್ಲೇ ಏನೋ ತಪ್ಪಿದೆ ಅಂದರು. ಕೊನೆಗೆ ದೇವರ ಕೋಪ ಯಾರ ಮೇಲೆ? ಜಗಳವಾಡಿದ ಯೋಬನ ಮೇಲಲ್ಲ, ದೇವರ ಪರವಾಗಿ ಮಾತಾಡಿದ ಸ್ನೇಹಿತರ ಮೇಲೆ. ನನ್ನ ವಿಷಯವಾಗಿ ನೀವು ಯೋಬನ ಹಾಗೆ ಸರಿಯಾಗಿ ಮಾತಾಡಲಿಲ್ಲ ಅನ್ನುತ್ತಾನೆ. ಆಸ್ಪತ್ರೆಗೆ ನೋಡಲು ಹೋಗುವ ಪ್ರತಿಯೊಬ್ಬ ವಿಶ್ವಾಸಿಯೂ ಯೋಬನ ಪುಸ್ತಕದ ಆ ಕೊನೆಯ ಅಧ್ಯಾಯ ಓದಿಕೊಂಡು ಹೋಗಬೇಕು.

ಯುರ್ಗೆನ್ ಮೋಲ್ಟ್‌ಮನ್ ಅಂತ ಜರ್ಮನಿಯ ದೇವತಾಶಾಸ್ತ್ರಜ್ಞರಿದ್ದರು, 2024ರಲ್ಲಿ ತೀರಿಕೊಂಡರು. 1943ರಲ್ಲಿ ಹ್ಯಾಂಬರ್ಗ್ ನಗರದ ಮೇಲೆ ಬಾಂಬ್ ಬಿದ್ದಾಗ ಹದಿನೇಳರ ಹುಡುಗ. ಪಕ್ಕದಲ್ಲೇ ನಿಂತಿದ್ದ ಗೆಳೆಯ ಸತ್ತ, ಇವರು ಉಳಿದರು. ಯುದ್ಧ ಸೋತು ಸ್ಕಾಟ್ಲೆಂಡಿನ ಸೆರೆಶಿಬಿರದಲ್ಲಿದ್ದಾಗ ಸೈನ್ಯದ ಪಾದ್ರಿಯೊಬ್ಬರು ಒಂದು ಬೈಬಲ್ ಕೊಟ್ಟರು. ದೇವರ ಮೇಲೆ ನಂಬಿಕೆ ಇಟ್ಟು ಬೆಳೆದ ಹುಡುಗನಲ್ಲ. ಆ ಪುಸ್ತಕದಲ್ಲಿ ಅವರನ್ನು ಹಿಡಿದದ್ದು ಯಾವ ಜಯಘೋಷವೂ ಅಲ್ಲ. ಮೂವತ್ತೊಂಬತ್ತನೇ ಕೀರ್ತನೆಯ ಗೋಳು, ಮತ್ತು ಮಾರ್ಕನ ಸುವಾರ್ತೆಯಲ್ಲಿ ಶಿಲುಬೆ ಮೇಲಿಂದ ಕೇಳಿಬರುವ ಕೂಗು: ‘ನನ್ನ ದೇವರೇ, ನನ್ನ ದೇವರೇ, ಯಾಕೆ ನನ್ನನ್ನು ಕೈಬಿಟ್ಟಿದ್ದೀ?’ ನನ್ನ ಹಾಗೇ ಕೂಗಿದವನು ಇಲ್ಲಿದ್ದಾನೆ ಅಂತ ಅನ್ನಿಸಿತು ಅವರಿಗೆ. ಮುಂದೆ ಜೀವನವಿಡೀ ಕ್ರಿಸ್ತೀಯ ಭರವಸೆಯ ಬಗ್ಗೆಯೇ ಬರೆದರು.

ಇನ್ನು ಅಣ್ಣನ ವಿಷಯಕ್ಕೆ ಬರುತ್ತೇನೆ. ನಮ್ಮ ಪಾಸ್ಟರ್ ಹಟ ಹಿಡಿದು ಅವನನ್ನು ವೆಲ್ಲೂರಿಗೆ ಕಳಿಸಿದರು. ನಮ್ಮ ಕಡೆಯಿಂದ ವೆಲ್ಲೂರಿನ ಪಕ್ಕದ ಕಾಟ್ಪಾಡಿ ನಿಲ್ದಾಣಕ್ಕೆ ಹೋಗುವ ರೈಲಿನಲ್ಲಿ ಒಂದೊಂದು ಬೋಗಿಗೂ ಒಂದಿಬ್ಬರು ಎಕ್ಸ್‌ರೇ ಕವರ್ ಹಿಡಿದವರು ಇದ್ದೇ ಇರುತ್ತಾರೆ. ಅಲ್ಲಿ ಸಿಎಂಸಿ, ಅಂದರೆ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜ್ ಆಸ್ಪತ್ರೆಯ ಪುನರ್ವಸತಿ ಕೇಂದ್ರ ಇದೆ. ಮೇರಿ ವರ್ಗೀಸ್ ಅನ್ನುವ ಡಾಕ್ಟರ ಹೆಸರನ್ನು ನಾನು ಮೊದಲು ಕೇಳಿದ್ದು ಅಲ್ಲೇ.

ಕೇರಳದ ಹೆಣ್ಣುಮಗಳು, ವೆಲ್ಲೂರಿನಲ್ಲೇ ಓದಿದವರು. 1954ರಲ್ಲಿ ಸಹೋದ್ಯೋಗಿಗಳ ಜೊತೆ ಹೋಗುತ್ತಿದ್ದ ವಾಹನ ಪಲ್ಟಿಯಾಯಿತು. ಮುಖ ಸೀಳಿತು, ಬೆನ್ನುಹುರಿಗೆ ಪೆಟ್ಟು ಬಿದ್ದು ಸೊಂಟದ ಕೆಳಗೆ ಸ್ವಾಧೀನ ಹೋಯಿತು. ಅಣ್ಣನಿಗೆ ಆದ ಹಾಗೇ. ಆಗಿನ್ನೂ ಮೂವತ್ತು ತುಂಬಿರಲಿಲ್ಲ. ಕುಷ್ಠರೋಗಿಗಳ ಕೈಗೆ ಶಸ್ತ್ರಚಿಕಿತ್ಸೆ ಮಾಡುತ್ತಿದ್ದ ಪಾಲ್ ಬ್ರ್ಯಾಂಡ್ ಅಲ್ಲೇ ಇದ್ದರು. ಕೈಯ ಆಪರೇಷನ್ ಕೂತುಕೊಂಡೇ ಮಾಡಬಹುದು, ನೀವು ಯಾಕೆ ಮಾಡಬಾರದು ಅಂತ ಕೇಳಿದವರು ಅವರು. ಮೇರಿ ಗಾಲಿಕುರ್ಚಿಯಲ್ಲಿ ಕೂತು, ಬೆರಳು ಮಡಚಿಹೋದ ಕುಷ್ಠರೋಗಿಗಳ ಕೈ ಸರಿಮಾಡಿದರು. ಆಮೇಲೆ ಆಸ್ಟ್ರೇಲಿಯಾಕ್ಕೂ ನ್ಯೂಯಾರ್ಕಿಗೂ ಹೋಗಿ ಪುನರ್ವಸತಿ ವೈದ್ಯಕೀಯ ಕಲಿತು ಬಂದು, ವೆಲ್ಲೂರಿನಲ್ಲಿ ಆ ವಿಭಾಗ ಕಟ್ಟಿದರು. 1966ರಲ್ಲಿ ಪುನರ್ವಸತಿ ಕೇಂದ್ರ ಶುರುವಾಯಿತು. 1972ರಲ್ಲಿ ಪದ್ಮಶ್ರೀ ಬಂತು. 1986ರಲ್ಲಿ ತೀರಿಕೊಂಡರು. ಕೊನೆವರೆಗೂ ಅವರು ಎದ್ದು ನಡೆಯಲಿಲ್ಲ. ಅವರಿಗಾಗಿ ಎಷ್ಟು ಜನ ಎಷ್ಟು ಪ್ರಾರ್ಥನೆ ಮಾಡಿರಬೇಡ! ಆ ಪ್ರಾರ್ಥನೆಗಳು ಎಲ್ಲಿಗೆ ಹೋದವು ಅಂತ ಯಾರಾದರೂ ಕೇಳಿದರೆ, ಅದರಲ್ಲೊಂದು ನಮ್ಮಣ್ಣನಿಗೆ ಬಂದು ಮುಟ್ಟಿದೆ ಅನ್ನುತ್ತೇನೆ.

ಅಲ್ಲಿ ಅವನಿಗೆ ಕಲಿಸಿದ್ದು ಪವಾಡ ಅಲ್ಲ, ದಿನಚರಿ. ಮಲಗಿದಾಗ ಎರಡು ಗಂಟೆಗೊಮ್ಮೆ ಮಗ್ಗಲು ಬದಲಿಸಬೇಕು. ಗಾಲಿಕುರ್ಚಿಯಲ್ಲಿ ಕೂತಾಗ ಆಗಾಗ ಎರಡೂ ಕೈ ಊರಿ ಮೈಯನ್ನು ಮೇಲೆತ್ತಬೇಕು. ಬೆಳಗ್ಗೆ ಸಂಜೆ ಕನ್ನಡಿ ಹಿಡಿದು ಬೆನ್ನು, ಪಿರ್ರೆ, ಹಿಮ್ಮಡಿಯಲ್ಲಿ ಎಲ್ಲಾದರೂ ಕೆಂಪಾಗಿದೆಯಾ ನೋಡಬೇಕು. ಅಲ್ಲೆಲ್ಲ ನೋವು ಗೊತ್ತಾಗೋದಿಲ್ಲ, ಅಪಾಯ ಇರೋದೇ ಅದರಲ್ಲಿ. ಒಂದು ಸಣ್ಣ ಕಲೆ ಹುಣ್ಣಾಗಿ ಮೂಳೆವರೆಗೂ ಇಳಿದರೂ ತಿಳಿಯೋದಿಲ್ಲ. ಹಿಡಿಕೆ ಉದ್ದ ಇರುವ ಆ ಕನ್ನಡಿ ಅವನ ಬೈಬಲ್ ಪಕ್ಕದಲ್ಲೇ ಇರುತ್ತೆ. ಬೆಳಗ್ಗೆ ಎರಡನ್ನೂ ಒಟ್ಟಿಗೆ ಕೈಗೆತ್ತಿಕೊಳ್ಳುತ್ತಾನೆ. ಅವನ ಪಾಲಿಗೆ ಎರಡೂ ಪ್ರಾರ್ಥನೆಯೇ.

ಈಗ ಮನೆ ಮುಂದೆಯೇ ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದಾನೆ. ಮಗಳಿಗೆ ಮಗ್ಗಿ ಹೇಳಿಕೊಡುತ್ತಾನೆ. ಕೆಲವು ದಿನ ಇಡೀ ದಿನ ಯಾರ ಜೊತೆಗೂ ಮಾತಾಡೋದಿಲ್ಲ. ಸುಖಾಂತ್ಯ ಆಯಿತು ಅಂತ ದಯವಿಟ್ಟು ಯಾರೂ ಕಾಮೆಂಟ್ ಹಾಕಬೇಡಿ. ನೋವು ಇದೆ, ಸಾಲ ಇದೆ, ಮಳೆಗಾಲದಲ್ಲಿ ಕಾಲು ಸೆಟೆದುಕೊಳ್ಳುವುದು ಜಾಸ್ತಿ. ಇದರ ನಡುವೆ ಇರುವ ಭರವಸೆಯ ಬಗ್ಗೆಯೇ ನಾನು ಹೇಳುತ್ತಿರುವುದು.

ಕಳೆದ ಈಸ್ಟರಿಗೆ ಅವನೇ ಒಂದು ಮಾತು ಹೇಳಿದ. ಸತ್ತು ಎದ್ದು ಬಂದ ಯೇಸು ತನ್ನ ಶಿಷ್ಯ ತೋಮನಿಗೆ ತೋರಿಸಿದ್ದು ಏನನ್ನ? ಮೊಳೆ ಹೊಡೆದ ಕೈ, ಈಟಿ ತಿವಿದ ಪಕ್ಕೆ. ಮರಣವನ್ನೇ ಗೆದ್ದವನಿಗೆ ಗಾಯದ ಗುರುತು ಅಳಿಸಿಕೊಳ್ಳೋದು ಕಷ್ಟವಾಗಿತ್ತಾ? ಅಳಿಸಿಕೊಳ್ಳಲಿಲ್ಲ. ‘ಅವನಿಗೂ ಗುರುತು ಹಾಗೇ ಇದೆಯಲ್ಲ, ನನಗಿರೋದು ಅವಮಾನ ಅಲ್ಲ ಬಿಡು’ ಅಂದ. ನಾನು ಕೇಳಿದ ಎಷ್ಟೋ ಈಸ್ಟರ್ ಪ್ರಸಂಗಗಳು ಮರೆತುಹೋಗಿವೆ, ಇದು ಮರೆಯೋದಿಲ್ಲ. ಪುನರುತ್ಥಾನವನ್ನು ನಾನು ಪೂರ್ತಿಯಾಗಿ ನಂಬುತ್ತೇನೆ. ಒಂದು ದಿನ ಅಣ್ಣ ಎದ್ದು ನಿಲ್ಲುತ್ತಾನೆ ಅಂತಲೂ ನಂಬುತ್ತೇನೆ, ಈ ಲೋಕದಲ್ಲಿ ಅಲ್ಲದಿದ್ದರೂ. ಆದರೆ ಆ ದಿನ ಬರುವವರೆಗೆ ಕ್ರಿಸ್ತ ಅವನಿಗಾಗಿ ದೂರದಲ್ಲೆಲ್ಲೋ ಕಾಯುತ್ತ ಕೂತಿಲ್ಲ, ಗಾಯದ ಕೈಯಲ್ಲಿ ಗಾಲಿಕುರ್ಚಿಯ ಪಕ್ಕದಲ್ಲೇ ಇದ್ದಾನೆ. ಸತ್ತ ಗೆಳೆಯ ಲಾಜರನನ್ನು ಎಬ್ಬಿಸುತ್ತೇನೆ ಅಂತ ಗೊತ್ತಿದ್ದೂ ಅವನ ಸಹೋದರಿಯರ ಜೊತೆ ಕಣ್ಣೀರು ಬಿಟ್ಟವನು ಅವನು.

ಹಾಗೆ ಪಕ್ಕದಲ್ಲಿ ಇದ್ದವರು ಮನುಷ್ಯರಲ್ಲೂ ಇದ್ದಾರೆ. ನಮ್ಮ ಸಭೆಯ ಒಬ್ಬ ಅಜ್ಜಿ, ಓದು ಬಾರದವರು. ಅಣ್ಣ ಮಾತು ಬಿಟ್ಟಿದ್ದ ದಿನಗಳಲ್ಲಿ ಸಂಜೆ ಹೊತ್ತು ಬಂದು ಅವನ ಮಂಚದ ಪಕ್ಕ ಕೂತು ಅವರೆಕಾಯಿ ಸುಲಿದುಕೊಡುತ್ತಿದ್ದರು. ವಾಕ್ಯ ಹೇಳಲಿಲ್ಲ, ಕಾರಣ ಹುಡುಕಲಿಲ್ಲ. ಹೊರಡುವಾಗ ಅವನ ತಲೆ ಮೇಲೆ ಕೈಯಿಟ್ಟು, ‘ನಾಳೆ ಬತ್ತೀನಪ್ಪಾ’ ಅಂದು ಹೋಗುತ್ತಿದ್ದರು, ಮಾರನೆಯ ದಿನ ಬಂದೇ ಬರುತ್ತಿದ್ದರು. ಯೋಬನ ಸ್ನೇಹಿತರು ಏಳು ದಿನ ಮಾಡಿದ ಕೆಲಸವನ್ನು ಈ ಅಜ್ಜಿ ಒಂದು ಅವರೆ ಸುಗ್ಗಿಯುದ್ದಕ್ಕೂ ಮಾಡಿದರು.

ಸಭಾಪಾಲಕರಲ್ಲಿ, ಹಿರಿಯರಲ್ಲಿ ನನ್ನ ಬೇಡಿಕೆ ಎರಡು. ಶುಭಶುಕ್ರವಾರ ಮಾತ್ರವಲ್ಲ, ಭಾನುವಾರಗಳಲ್ಲೂ ಗೋಳಿನ ಕೀರ್ತನೆಗಳನ್ನು ಆರಾಧನೆಯಲ್ಲಿ ಓದಿ. ಕೂತವರಲ್ಲಿ ಅದು ಬೇಕಾದವರು ಪ್ರತಿ ವಾರ ಇರುತ್ತಾರೆ. ಇನ್ನೊಂದು, ದೇವಾಲಯದ ಮೆಟ್ಟಿಲ ಪಕ್ಕ ಒಂದು ಇಳಿಜಾರು ಕಟ್ಟಿಸಿ. ನಮ್ಮಲ್ಲಿ ಹೋದ ವರ್ಷ ಕಟ್ಟಿದರು. ಅದಕ್ಕೆ ಮುಂಚೆ ನಾಲ್ಕು ಜನ ಅಣ್ಣನನ್ನು ಕುರ್ಚಿ ಸಮೇತ ಎತ್ತಿ ಒಳಗೆ ತರಬೇಕಿತ್ತು, ಅದಕ್ಕೇ ಅವನು ಬರುವುದನ್ನೇ ಬಿಟ್ಟಿದ್ದ. ಈಗ ತಾನೇ ಗಾಲಿ ತಳ್ಳಿಕೊಂಡು ಬರುತ್ತಾನೆ, ಜೊತೆಗೆ ಮಂಡಿನೋವಿನ ಅಜ್ಜಿಯರೂ ಅದರಲ್ಲೇ ಹತ್ತುತ್ತಾರೆ.

ಹುಣಸೆ ಕೊಯ್ಲಿಗೆ, ತೆಂಗಿನಮರಕ್ಕೆ ಹತ್ತುವವರು ನಿಮ್ಮೂರಲ್ಲೂ ಇದ್ದಾರೆ. ಯಾರಾದರೂ ಬಿದ್ದರೆ ಗಾಬರಿಯಲ್ಲಿ ಕೈಕಾಲು ಹಿಡಿದು ಎತ್ತಬೇಡಿ, ಆಟೋದಲ್ಲಿ ಮಡಚಿ ಕೂರಿಸಬೇಡಿ. 108ಕ್ಕೆ ಫೋನ್ ಮಾಡಿ. ಅಲ್ಲಿಂದ ಕದಲಿಸಲೇಬೇಕಾದರೆ ತಲೆ, ಕತ್ತು, ಬೆನ್ನು ಒಂದೇ ನೇರಕ್ಕೆ ಇರುವ ಹಾಗೆ ನಾಲ್ಕೈದು ಜನ ಸೇರಿ ಹಲಗೆ ಮೇಲೆ ಮಲಗಿಸಿ. ಈಗಾಗಲೇ ಹೀಗಾಗಿ ಮನೆಯಲ್ಲಿ ಮಲಗಿರುವವರು ಯಾರಾದರೂ ಗೊತ್ತಿದ್ದರೆ ನನಗೆ ಇನ್‌ಬಾಕ್ಸ್‌ನಲ್ಲಿ ತಿಳಿಸಿ. ಯಾವ ಜಾತಿ, ಯಾವ ಧರ್ಮದವರಾದರೂ ಸರಿ, ಅಣ್ಣನೇ ಅವರ ಹತ್ತಿರ ಮಾತಾಡುತ್ತಾನೆ. ಅಂಗಡಿ ಮುಚ್ಚಿದ ಮೇಲೆ, ರಾತ್ರಿ ಎಂಟರ ನಂತರ ಫೋನ್ ಮಾಡಿದರೆ ಒಳ್ಳೆಯದು.