ಕೈಗವಸು ಬಳಕೆಯಲ್ಲಿದೆ

ಇದನ್ನು ಕಥೆ ಅಂತಲೇ ಇಟ್ಟುಕೊಳ್ಳಿ. ಘಟ್ಟದ ಅಂಚಿನಲ್ಲಿ ಒಂದು ಊರು, ಅಲ್ಲೊಂದು ಕರೆಂಟಿನ ಕಚೇರಿ. ಯಾವ ಊರು, ಯಾವ ಕಚೇರಿ ಅಂತ ಕೇಳಬೇಡಿ. ಬರೆಯುವವರ ಮನೆಗೂ ಕರೆಂಟ್ ಬೇಕು.

ಆ ಕಚೇರಿಗೆ ಮಳೆಗಾಲಕ್ಕೆ ಸ್ವಲ್ಪ ಮೊದಲು ಒಂದು ಸ್ಮಾರ್ಟ್ ಬೀರು ಬಂತು. ಎದೆಮಟ್ಟದ ಕಬ್ಬಿಣದ ಬೀರು. ಸಾಲಾಗಿ ಡ್ರಾಯರ್‌ಗಳು, ಮೇಲೊಂದು ಟಚ್ ಸ್ಕ್ರೀನ್, ಅದರ ನೆತ್ತಿಗೊಂದು ಕ್ಯಾಮೆರಾ, ಕೆಳಗೆ ನಾಲ್ಕು ಗಾಲಿ. ಒಳಗಿರುವ ಸ್ಪ್ಯಾನರ್, ಪ್ಲೇಯರ್, ನಟ್ಟು, ಬೋಲ್ಟಿನ ಲೆಕ್ಕವನ್ನು ಅದೇ ಇಟ್ಟುಕೊಳ್ಳುತ್ತದೆ. ಲೈನ್‌ಮ್ಯಾನ್ ಬಂದು ಕಾರ್ಡ್ ತೋರಿಸಬೇಕು, ಯಾವ ಕೆಲಸಕ್ಕೆ ಅಂತ ಜಾಬ್ ನಂಬರ್ ಒತ್ತಬೇಕು, ಆಮೇಲೆ ಬೀಗ ತೆರೆಯುತ್ತದೆ. (ಲೈನ್‌ಮ್ಯಾನ್‌ಗೆ ಈಗ ಪವರ್‌ಮ್ಯಾನ್ ಅಂತ ಹೆಸರು. ಹೆಸರು ಬದಲಾಯಿತು, ಕಂಬ ಅದೇ.) ಯಾರು, ಎಷ್ಟು ಹೊತ್ತಿಗೆ, ಯಾವುದನ್ನು ತೆಗೆದರು, ವಾಪಸ್ ಇಟ್ಟರಾ ಇಲ್ವಾ ಅನ್ನೋದು ಬೆಂಗಳೂರಿನಲ್ಲಿ ಕೂತ ಸಾಹೇಬರ ಮೊಬೈಲಿಗೆ ಆ ಕ್ಷಣವೇ ಹೋಗುತ್ತದೆ. ಮರ ಬಿದ್ದು ಮೂರು ದಿನದಿಂದ ಕತ್ತಲಲ್ಲಿರುವ ಹಳ್ಳಿಯ ಸುದ್ದಿ ಮುಟ್ಟಿಸುವ ಬೀರು ಮಾತ್ರ ಇನ್ನೂ ಬಂದಿಲ್ಲ.

ಪೋರ್ಟಬಲ್ ಅಂತ ಕಾಗದದಲ್ಲಿ ಬರೆದಿತ್ತು. ಎಲ್ಲಿಗೆ ಬೇಕಾದರೂ ತಳ್ಳಿಕೊಂಡು ಹೋಗಬಹುದಂತೆ. ಗಾಲಿ ಮಾಡಿದವರು ನುಣ್ಣನೆಯ ಸಿಮೆಂಟ್ ನೆಲ ಬಿಟ್ಟು ಬೇರೆ ನೆಲ ನೋಡಿರಲಿಕ್ಕಿಲ್ಲ. ಇಲ್ಲಿ ಲಾರಿ ನಿಂತ ಜಾಗದಿಂದ ಕಚೇರಿ ಬಾಗಿಲಿಗೆ ಹೋಗಲು ಕೆಂಪು ಮಣ್ಣಿನ ಏರು, ಆಮೇಲೆ ಜಂಬಿಟ್ಟಿಗೆಯ ಮೆಟ್ಟಿಲು. ಕೊನೆಗೆ ಎರಡು ಬಿದಿರಿನ ಗಳ ಕಟ್ಟಿ, ಉತ್ಸವಮೂರ್ತಿಯ ಹಾಗೆ ಹೊತ್ತುಕೊಂಡು ಹೋಗಿ ಒಳಗಿಟ್ಟರು. ಇಟ್ಟ ಮೇಲೆ ಅದು ಕದಲಿಲ್ಲ. ಇನ್ನು ಕಂಬಗಳೇ ಅದರ ಹತ್ತಿರ ನಡೆದು ಬರಬೇಕು.

ನ್ಯಾಯವಾಗಿ ಹೇಳಬೇಕು, ಇಂಥ ಬೀರು ಸುಮ್ನೆ ಹುಟ್ಟಿದ್ದಲ್ಲ. ವಿಮಾನ ರಿಪೇರಿ ಮಾಡುವ ಕಡೆ ಅದು ಬೇಕೇ ಬೇಕು. ಅಲ್ಲಿ ಒಂದು ಸಣ್ಣ ಸ್ಕ್ರೂಡ್ರೈವರ್ ಎಂಜಿನ್ ಒಳಗೆ ಮರೆತು ಹೋದರೂ ಮೇಲೆ ಹಾರಿದವರ ಗತಿ ದೇವರೇ ಬಲ್ಲ. ಅದಕ್ಕೇ ಡ್ರಾಯರಿನೊಳಗೆ ಎರಡು ಬಣ್ಣದ ಫೋಮ್ ಹಾಸಿ, ಒಂದೊಂದು ಸಲಕರಣೆಗೂ ಅದರ ಆಕಾರದ್ದೇ ಗುಂಡಿ ಕೊರೆದಿರುತ್ತಾರೆ. ಮೇಲೆ ಕಪ್ಪು, ಅಡಿಗೆ ಹಳದಿ. ಸ್ಪ್ಯಾನರ್ ಇಲ್ಲದಿದ್ದರೆ ಹಳದಿ ಎದ್ದು ಕಾಣುತ್ತದೆ. ಕಾಣೆಯಾದದ್ದು ಸಿಗುವ ತನಕ ವಿಮಾನ ಬಿಡುವುದಿಲ್ಲ. ಶಿವಮೊಗ್ಗದ ಹತ್ತಿರ ಸೋಗಾನೆಯಲ್ಲಿ ನಮಗೂ 2023ರಲ್ಲಿ ವಿಮಾನ ನಿಲ್ದಾಣ ಆಯಿತಲ್ಲ, ಅಲ್ಲಿಗೆ ಹೋಗಬೇಕಾದದ್ದು ದಾರಿ ತಪ್ಪಿ ಇಲ್ಲಿಗೆ ಬಂತಾ ಅಂತ ಒಂದಿಬ್ಬರು ಕೇಳಿದರು. ಇಲ್ಲ, ವಿಳಾಸ ಸರಿಯಾಗೇ ಇತ್ತು.

ಕೆಲಸ ಮಾಡುವ ರೀತಿಯೂ ಚೆನ್ನಾಗಿದೆ. ಪ್ರತಿ ಸ್ಪ್ಯಾನರಿಗೆ ಒಂದು ಸಣ್ಣ ಟ್ಯಾಗ್. ಅದರಲ್ಲಿ ಬ್ಯಾಟರಿ ಇಲ್ಲ. ಬೀರು ಕಳಿಸುವ ರೇಡಿಯೋ ಅಲೆಯಿಂದಲೇ ಚೂರು ಶಕ್ತಿ ತಗೊಂಡು ತನ್ನ ನಂಬರ್ ಹೇಳುತ್ತದೆ. ಕಾರಿನ ಗಾಜಿಗೆ ಅಂಟಿಸುವ ಫಾಸ್ಟ್ಯಾಗ್ ಕೂಡ ಇದೇ ಜಾತಿಯದು. ತೊಂದರೆ ಏನಂದರೆ ಈ ಅಲೆಗೂ ಕಬ್ಬಿಣಕ್ಕೂ ಆಗಿಬರುವುದಿಲ್ಲ. ಸಾಮಾನ್ಯ ಟ್ಯಾಗನ್ನು ಲೋಹಕ್ಕೆ ನೇರವಾಗಿ ಅಂಟಿಸಿದರೆ ಅದರ ಬಾಯಿ ಕಟ್ಟುತ್ತದೆ. ಲೋಹಕ್ಕೆಂದೇ ಮಾಡಿದ, ಸ್ವಲ್ಪ ದಪ್ಪನೆಯ, ಜಾಸ್ತಿ ಬೆಲೆಯ ಟ್ಯಾಗ್ ಬೇಕು. ಟೆಂಡರಿನಲ್ಲಿ ಟ್ಯಾಗ್ ಅಂತ ಇತ್ತು, ಎಂಥ ಟ್ಯಾಗ್ ಅಂತ ಇರಲಿಲ್ಲ. ಕಡಿಮೆ ರೇಟು ಹಾಕಿದವರಿಗೆ ಟೆಂಡರ್ ಆಯಿತು. ಈಗ ಸ್ಪ್ಯಾನರ್ ಎಡ ಮಗ್ಗುಲಿಗೆ ಮಲಗಿದರೆ ಇದೆ, ಬಲಕ್ಕೆ ಹೊರಳಿದರೆ ಕಾಣೆ.

ನಟ್ಟು ಬೋಲ್ಟಿಗೆಲ್ಲ ಟ್ಯಾಗ್ ಅಂಟಿಸುತ್ತಾ ಕೂರಲು ಆಗುವುದಿಲ್ಲ. ಅವನ್ನು ತೂಕ ಹಾಕಿ ಎಣಿಸುತ್ತದೆ. ಒಟ್ಟು ತೂಕವನ್ನು ಒಂದು ಬೋಲ್ಟಿನ ತೂಕದಿಂದ ಭಾಗಿಸಿದರೆ ಲೆಕ್ಕ ಬಂತು. ಒಣ ಊರಿನಲ್ಲಿ ಇದು ಸರಿ. ಆಗುಂಬೆ ಸೀಮೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಮಳೆ. ಜೂನ್‌ನಲ್ಲಿ ಬಿಚ್ಚಿಟ್ಟ ಚಪ್ಪಲಿಗೆ ಜುಲೈನಲ್ಲಿ ಬೂಷ್ಟು. ತುಕ್ಕು ಹಿಡಿಯಬಾರದು ಅಂತ ಸ್ಟೋರ್ ಕೀಪರ್, ಪಾಪ, ಹಳೇ ಅಭ್ಯಾಸದಂತೆ ಬೋಲ್ಟಿನ ಡಬ್ಬಿಗೆ ಒಂದು ಮುಷ್ಟಿ ಗ್ರೀಸ್ ಹಾಕಿ ಕಲಸಿದರು. ಸಂಜೆಗೆ ಬೆಂಗಳೂರಿನಿಂದ ಫೋನ್.

‘ಏನ್ರೀ, ಇಂಡೆಂಟ್ ಇಲ್ಲದೆ ನಿಮ್ಮಲ್ಲಿ ಬೋಲ್ಟ್ ಜಾಸ್ತಿ ಆಗಿದೆ? ಎಲ್ಲಿಂದ ತಂದ್ರಿ?’

‘ಗ್ರೀಸ್ ಸಾರ್.’

‘ಗ್ರೀಸ್ ದೇಶದಿಂದಾನಾ? ತಮಾಷೆ ಮಾಡ್ತೀರೇನ್ರೀ?’

ಸರ್ಕಾರಿ ಸ್ಟೋರಿನಲ್ಲಿ ಸಾಮಾನು ಕಡಿಮೆಯಾದದ್ದಕ್ಕೆ ವಿವರಣೆ ಕೊಟ್ಟವರು ಬೇಕಾದಷ್ಟಿದ್ದಾರೆ. ಹೆಚ್ಚಾದದ್ದಕ್ಕೆ ಕೊಟ್ಟವರು ಬಹುಶಃ ಇವರೊಬ್ಬರೇ. ಕೂತು ಒಂದೊಂದೇ ಬೋಲ್ಟನ್ನು ಹಳೇ ಪಂಚೆ ತುಂಡಿನಲ್ಲಿ ಒರೆಸಿ ಇಟ್ಟರು. ಲೆಕ್ಕ ಸರಿಹೋಯಿತು. ತುಕ್ಕು ಈಗ ನಿಶ್ಚಿಂತೆಯಾಗಿ ಹಿಡಿಯುತ್ತಿದೆ.

ಇದೆಲ್ಲ ಸಣ್ಣ ವಿಷಯ. ದೊಡ್ಡದು ಮೂರನೇ ಡ್ರಾಯರಿನಲ್ಲಿತ್ತು. ಅಂದರೆ, ಇರಲಿಲ್ಲ.

ಮೂರನೇ ಡ್ರಾಯರ್ ಸುರಕ್ಷತೆಯದು. ಫೋಮಿನಲ್ಲಿ ಎರಡು ದೊಡ್ಡ ಅಂಗೈ ಆಕಾರ ಕೊರೆದು, ಕೆಳಗೆ ‘ರಬ್ಬರ್ ಕೈಗವಸು’ ಅಂತ ಚೆಂದವಾಗಿ ಅಚ್ಚು ಹಾಕಿದ್ದಾರೆ. ಕೈಗವಸು ಬರಲಿಲ್ಲ. ಅದು ಬೇರೆ ಟೆಂಡರಂತೆ, ಬೇರೆ ಕಡತವಂತೆ, ಬರುತ್ತದಂತೆ. ಬೀರುವಿನ ತಲೆಯಲ್ಲಿ ಒಂದು ವಸ್ತುವಿಗೆ ಎರಡೇ ಸ್ಥಿತಿ. ಒಂದು ‘ಪೆಟ್ಟಿಗೆಯಲ್ಲಿದೆ’. ಇನ್ನೊಂದು ‘ಬಳಕೆಯಲ್ಲಿದೆ’. ಬಂದೇ ಇಲ್ಲದ ವಸ್ತು ಅಂತ ಒಂದಿರಬಹುದು ಅನ್ನೋದನ್ನು ಅದಕ್ಕೆ ಯಾರೂ ಹೇಳಿಕೊಟ್ಟಿಲ್ಲ. ಪೆಟ್ಟಿಗೆಯಲ್ಲಿಲ್ಲ ಅಂದ ಮೇಲೆ ಬಳಕೆಯಲ್ಲೇ ಇರಬೇಕಲ್ವಾ? ಯಾರ ಬಳಕೆಯಲ್ಲಿ? ಮೊದಲ ದಿನ ಕುತೂಹಲಕ್ಕೆ ಕಾರ್ಡ್ ತೋರಿಸಿ ಆ ಡ್ರಾಯರ್ ಎಳೆದು ನೋಡಿದ ಲೈನ್‌ಮ್ಯಾನ್ ಹೆಸರಿಗೆ ಬರೆದುಕೊಂಡಿತು.

ಹಳೇ ದಾಸ್ತಾನು ಪುಸ್ತಕದಲ್ಲಿ ಈ ಪೇಚಾಟ ಇರಲಿಲ್ಲ. ಅದರ ಬಲತುದಿಯಲ್ಲಿ ಷರಾ ಅಂತ ಒಂದು ಕಾಲಂ ಇತ್ತು. ‘ಬಂದಿಲ್ಲ’, ‘ಬಂದದ್ದು ಎರಡೂ ಎಡಗೈಯದು’, ‘ಇಲಿ ಕಡಿದಿದೆ’ ಎಲ್ಲವೂ ಅದರಲ್ಲಿ ಹಿಡಿಸುತ್ತಿತ್ತು. ‘ಸಾಹೇಬರ ಮನೆಗೆ ಹೋಗಿದೆ’ ಅನ್ನೋದನ್ನು ಪೆನ್ಸಿಲ್‌ನಲ್ಲಿ ಬರೆಯುತ್ತಿದ್ದರು. ಸಾಹೇಬರು ವರ್ಗವಾದ ಮೇಲೆ ಅದರ ಮೇಲೆ ಇಂಕು ಹರಿಯುತ್ತಿತ್ತು. ಹೊಸ ಬೀರುವಿಗೆ ಷರಾ ಇಲ್ಲ. ಸ್ಟೋರ್ ಕೀಪರ್ ಸ್ಕ್ರೀನಿನ ಪಕ್ಕ ‘ಕೈಗವಸು ಬಂದಿಲ್ಲ’ ಅಂತ ಒಂದು ಚೀಟಿ ಅಂಟಿಸಿದರು. ತಪಾಸಣೆಗೆ ಬಂದವರು ಬೀರುವಿನ ಅಂದ ಕೆಡುತ್ತದೆ ಅಂತ ಕೀಳಿಸಿದರು.

ಜುಲೈನಲ್ಲಿ ಮಳೆ ಹಿಡಿಯಿತು. ಒಂದು ಮಧ್ಯಾಹ್ನ ಮರ ಬುಡಸಮೇತ ಎದ್ದು 11 ಕೆವಿ ಲೈನಿನ ಮೇಲೆ ಬಿತ್ತು. ಊರಿಗೆ ಕರೆಂಟ್ ಹೋಯಿತು. ಕಚೇರಿಯೂ ಅದೇ ಫೀಡರಿನಲ್ಲಿತ್ತು, ಅಲ್ಲೂ ಹೋಯಿತು. ಬೀರುವಿನ ಬ್ಯಾಟರಿ ಸಂಜೆ ತನಕ ಹೇಗೋ ಎಳೆದು ಆಮೇಲೆ ಕಣ್ಣು ಮುಚ್ಚಿತು. ಬೀಗ ಕರೆಂಟಿನದು. ಕರೆಂಟ್ ಬರಬೇಕಾದರೆ ಲೈನ್ ಕಟ್ಟಬೇಕು. ಲೈನ್ ಕಟ್ಟುವ ಸಲಕರಣೆ ಬೀಗದ ಒಳಗೆ. ಲಿಂಗನಮಕ್ಕಿಯ ನೀರು 1,035 ಮೆಗಾವಾಟಿನ ಶರಾವತಿ ಕೇಂದ್ರವನ್ನೇ ತಿರುಗಿಸುತ್ತದೆ, ಪಕ್ಕದ ಊರಿನಲ್ಲಿ ಒಂದು ಬೀಗ ತಿರುಗಲಿಲ್ಲ. ಸಹಾಯವಾಣಿಗೆ ಫೋನ್ ಮಾಡೋಣ ಅಂದರೆ ಮೊಬೈಲ್ ಟವರ್ ಕೂಡ ಮಲಗಿತ್ತು. ಒಬ್ಬರು ಜಿಗಣೆ ಕಚ್ಚಿಸಿಕೊಂಡು ಗುಡ್ಡ ಹತ್ತಿ, ಒಂದು ಕಡ್ಡಿ ನೆಟ್‌ವರ್ಕ್ ಹಿಡಿದು ಮಾತಾಡಿದರು. ಆ ಕಡೆಯ ಹುಡುಗಿ ಸಮಾಧಾನವಾಗಿ ಹೇಳಿದಳು: ‘ಮೊದಲು ಪವರ್ ಆನ್ ಇದೆಯಾ ನೋಡಿ ಸರ್.’

ಲೈನ್ ಸರಿಯಾದದ್ದು ಲೈನ್‌ಮ್ಯಾನ್ ಬೈಕಿಗೆ ನೇತುಹಾಕಿದ್ದ ಚೀಲದಿಂದ. ಗೊಬ್ಬರದ ಚೀಲ ಕತ್ತರಿಸಿ ಹೊಲಿದದ್ದು. ಒಳಗೆ ಸ್ವಂತ ದುಡ್ಡಿನ ಕಟಿಂಗ್ ಪ್ಲೇಯರ್, ಅದರ ಹಿಡಿಗೆ ಇನ್ಸುಲೇಷನ್ ಟೇಪು, ಆ ಟೇಪು ಹರಿದದ್ದಕ್ಕೆ ಮೇಲೊಂದು ಟೇಪು. ಟೆಸ್ಟರ್. ಸುರುಳಿ ಸುತ್ತಿದ ಫ್ಯೂಸ್ ವೈರ್. ನೈಲಾನ್ ಹಗ್ಗ. ಕೊಂಬೆ ಸವರಲು ಕತ್ತಿ. ಪ್ಲಾಸ್ಟಿಕ್ ಕವರಿನಲ್ಲಿ ಭದ್ರವಾಗಿ ಕವಳದ ಪೊಟ್ಟಣ. ಈ ಚೀಲಕ್ಕೆ ಟ್ಯಾಗ್ ಇಲ್ಲ, ಕ್ಯಾಮೆರಾ ಇಲ್ಲ. ಕಳೆದರೆ ಸ್ವಂತ ಜೇಬಿನಿಂದ ತರಬೇಕು, ಹಾಗಾಗಿ ಏನೂ ಕಳೆದಿಲ್ಲ. ಸಬ್‌ಸ್ಟೇಷನ್ನಿಗೆ ಹೇಳಿ ಲೈನ್ ಕ್ಲಿಯರ್, ಅಂದರೆ ತಂತಿಯಲ್ಲಿ ಕರೆಂಟ್ ನಿಲ್ಲಿಸಿದೆ, ಕೆಲಸ ಮಾಡಬಹುದು ಅನ್ನೋ ಒಪ್ಪಿಗೆ, ತಗೊಂಡು, ಊರಿನವರ ಕೈಲಿ ಮರ ಕಡಿಸಿ, ಕಂಬ ಹತ್ತಿ, ಬರಿಗೈಯಲ್ಲಿ ತಂತಿ ಎಳೆದು ಕಟ್ಟಿದರು.

ಕರೆಂಟ್ ಬಂತು. ಬೀರುವಿಗೆ ಎಚ್ಚರವಾಯಿತು. ಕಣ್ಣು ಬಿಟ್ಟ ಕೂಡಲೇ ಬೆಂಗಳೂರಿಗೆ ಸಂದೇಶ ಕಳಿಸಿತು: ಈ ಎರಡು ದಿನದಲ್ಲಿ ಕೈಗವಸು ಬಿಟ್ಟು ಬೇರೆ ಯಾವ ಸಲಕರಣೆಯೂ ಬಳಕೆಯಾಗಿಲ್ಲ. ಸಾಹೇಬರು ಫೋನ್ ಮಾಡಿ, ‘ಮಳೇಲಿ ಎಲ್ಲರೂ ಹೊದ್ದುಕೊಂಡು ಮಲಗಿದ್ರಾ?’ ಅಂತ ಕೇಳಿದರು.

ಅಂದಿನಿಂದ ಸ್ಟೋರ್ ಕೀಪರ್ ಬೀಗ ಕಚ್ಚದ ಹಾಗೆ ಡ್ರಾಯರಿನ ಸಂದಿಗೆ ಅಡಿಕೆ ಹಾಳೆಯ ತುಂಡು ಸಿಕ್ಕಿಸಿದರು. ಬೀರು ದಿನವಿಡೀ ಕುಂಯ್‌ಗುಟ್ಟಿತು. ಸ್ಪೀಕರಿಗೆ ಹತ್ತಿ ತುರುಕಿದರು.

ಆಯುಧಪೂಜೆ ಬಂತು. ಸಲಕರಣೆಯೆಲ್ಲ ಹೊರಗೆ ತೆಗೆದು, ಒರೆಸಿ, ಬಾಳೆಲೆ ಮೇಲೆ ಜೋಡಿಸಿ, ಅರಿಶಿನ ಕುಂಕುಮ ಹಚ್ಚಿ, ಚೆಂಡುಹೂವು ಏರಿಸಿದರು. ಪೂಜೆಗಿಟ್ಟದ್ದನ್ನು ಮಾರನೇ ದಿನದ ತನಕ ಎತ್ತುವ ಹಾಗಿಲ್ಲ. ರಾತ್ರಿ ಹನ್ನೊಂದಕ್ಕೆ ಬೀರು ವರದಿ ಕಳಿಸಿತು: ಎಲ್ಲ ಸಲಕರಣೆ ಬಳಕೆಯಲ್ಲಿದೆ. ರಜೆ ದಿನ, ಸರಿರಾತ್ರಿ, ಇದ್ದಬದ್ದ ಸ್ಪ್ಯಾನರೆಲ್ಲ ಒಟ್ಟಿಗೆ ಬಳಕೆಯಲ್ಲಿ ಅಂದರೆ ಅಲ್ಲಿ ಎಂಥ ಕೆಲಸ ನಡೆಯುತ್ತಿರಬೇಕು! ಕಚೇರಿಯವರ ಮೊಬೈಲ್‌ಗಳು ಒಂದರ ಹಿಂದೆ ಒಂದು ಹೊಡೆದುಕೊಂಡವು. ‘ಪೂಜೆಗೆ ಇಟ್ಟಿದ್ದೇವೆ ಸಾರ್’ ಅಂದರೆ, ‘ಸರಿ, ಪೂಜೆಗೆ ಯಾವ ಜಾಬ್ ನಂಬರ್ ಹಾಕಿದ್ದೀರಿ?’ ಕ್ಯಾಮೆರಾದಲ್ಲಿ ನೋಡೋಣ ಅಂದರೆ ಅದೂ ಕೆಂಪಾಗಿತ್ತು. ಬೀರುವಿಗೂ ದೃಷ್ಟಿ ಆಗಬಾರದು ಅಂತ ಬೂದುಗುಂಬಳ ಒಡೆದು, ನೆತ್ತಿಯ ಮೇಲೆ ಸರಿಯಾಗಿ ಒಂದು ಹಿಡಿ ಕುಂಕುಮ ಹಚ್ಚಿದ್ದರು.

ಲೆಕ್ಕ ಇಡುವುದು ತಪ್ಪು ಅಂತ ನಾನು ಹೇಳುತ್ತಿಲ್ಲ. ನನ್ನ ಸಿಟ್ಟು ಬೇರೆ. ಈ ಬೀರುವಿನ ಕಣ್ಣು ಕೆಳಗಡೆ ಮಾತ್ರ ನೋಡುತ್ತದೆ. ಕಂಬ ಹತ್ತುವವರು ಪ್ಲೇಯರನ್ನು ಹತ್ತು ನಿಮಿಷ ತಡವಾಗಿ ಇಟ್ಟರೆ ಕೆಂಪು ದೀಪ. ಕೈಗವಸಿನ ಕಡತ ಯಾರ ಮೇಜಿನ ಮೇಲೆ ಎಷ್ಟು ತಿಂಗಳಿಂದ ಮಲಗಿದೆ ಅನ್ನೋದಕ್ಕೆ ಯಾವ ದೀಪವೂ ಇಲ್ಲ. ಹಾಗೆ ನೋಡಿದರೆ ಟ್ಯಾಗ್ ಅಂಟಿಸಬೇಕಾದದ್ದು ಕಡತಕ್ಕೆ. ಅದು ಕಾಗದ, ಕಬ್ಬಿಣವಲ್ಲ. ಅಗ್ಗದ ಟ್ಯಾಗೇ ಸಾಕು, ಸಲೀಸಾಗಿ ಸಿಗ್ನಲ್ ಹಿಡಿಯುತ್ತದೆ.

ದೀಪಾವಳಿ ಕಳೆದ ಮೇಲೆ ಕಚೇರಿಗೆ ಒಂದೇ ಟಪಾಲಿನಲ್ಲಿ ಎರಡು ಕಾಗದ ಬಂತು. ಮೊದಲನೆಯದು ಮೆಚ್ಚುಗೆ ಪತ್ರ. ಸುರಕ್ಷತಾ ಸಲಕರಣೆಯನ್ನು ಒಂದು ದಿನವೂ ಬಿಡದೆ, ಹಗಲು ರಾತ್ರಿ ಬಳಸಿದ್ದು ನಿಮ್ಮ ಕಚೇರಿ ಮಾತ್ರ, ಉಳಿದವರು ನೋಡಿ ಕಲಿಯಬೇಕು. ಎರಡನೆಯದು ಲೈನ್‌ಮ್ಯಾನ್‌ಗೆ ನೋಟಿಸು. ಜೂನ್‌ನಲ್ಲಿ ತೆಗೆದ ಕೈಗವಸನ್ನು ಇಂದಿಗೂ ವಾಪಸ್ ಇಟ್ಟಿಲ್ಲ, ಏಳು ದಿನದೊಳಗೆ ಒಪ್ಪಿಸದಿದ್ದರೆ ಸಂಬಳದಲ್ಲಿ ಹಿಡಿಯಲಾಗುವುದು.

‘ಎಂತ ಮಾಡದು ಮಾರಾಯ್ರೆ, ಇಲ್ಲದ್ದನ್ನ ಎಲ್ಲಿಂದ ಒಪ್ಪಿಸದು?’ ಅಂದರು ಲೈನ್‌ಮ್ಯಾನ್.

‘ಒಂದು ಜೊತೆ ತಂದು ಇಟ್ಟುಬಿಡಿ, ತಲೆನೋವು ಮುಗೀತು’ ಅಂದರು ಸ್ಟೋರ್ ಕೀಪರ್.

ಶಿವಮೊಗ್ಗಕ್ಕೆ ಬಸ್ ಹತ್ತಿ ಹೋಗಿ, ಎಷ್ಟು ವೋಲ್ಟ್ ತಡೆಯುತ್ತದೆ ಅಂತ ಮುದ್ರೆ ಇರುವ ಒಳ್ಳೆ ಜೊತೆಯನ್ನೇ ತಂದರು. ಡ್ರಾಯರ್ ಎಳೆದು ಅಂಗೈ ಗುಂಡಿಯಲ್ಲಿ ನೀಟಾಗಿ ಕೂರಿಸಿದರು. ಬೀರು ಸ್ವಲ್ಪ ಹೊತ್ತು ಯೋಚಿಸಿತು. ಟ್ಯಾಗ್ ಇಲ್ಲ. ‘ಅಪರಿಚಿತ ವಸ್ತು. ಕೂಡಲೇ ಹೊರಗೆ ತೆಗೆಯಿರಿ’ ಅಂತ ಸ್ಕ್ರೀನ್ ಕೆಂಪಾಯಿತು. ತೆಗೆದು ಕೈಗೆ ಹಾಕಿಕೊಂಡು ಕಂಬಕ್ಕೆ ಹೋದರು. ಬೀರುವಿನ ದಾಖಲೆ ಅವತ್ತು ಮೊದಲ ಬಾರಿಗೆ ನಿಜವಾಯಿತು. ಸಂಬಳದಲ್ಲಿ ಹಿಡಿಯುವುದು ಈ ತಿಂಗಳಿಂದ ಶುರುವಾಗಿದೆ. ಮೂರು ಕಂತು ಮಾಡಿ ಕೊಟ್ಟಿದ್ದಾರೆ.